ಎರಡು ನಿಮಿಷದ ಹಾರ್ಮೋನು, ವಾರಕ್ಕೊಂದು ಸೂಜಿ

ಒಬ್ಬರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತದ ಸಕ್ಕರೆ ಎಷ್ಟು ಏರಿತು ಅಂತ ಅಳೆಯಿರಿ. ಇನ್ನೊಂದು ದಿನ ಅವರಿಗೇ ಡ್ರಿಪ್ ಹಾಕಿ, ಸಕ್ಕರೆ ಅಷ್ಟೇ ಏರುವಂತೆ ನೋಡಿಕೊಳ್ಳಿ. ಎರಡೂ ದಿನ ಇನ್ಸುಲಿನ್ ಒಂದೇ ಪ್ರಮಾಣದಲ್ಲಿ ಬರಬೇಕು, ಅಲ್ವಾ? ಬರುವುದಿಲ್ಲ. ಬಾಯಿಂದ ಕುಡಿದ ದಿನ ಎಷ್ಟೋ ಜಾಸ್ತಿ ಬರುತ್ತದೆ. 1960ರ ದಶಕದಲ್ಲೇ ಇದು ಗೊತ್ತಾಗಿತ್ತು. ಅಂದರೆ ಊಟ ಬಂದ ಸುದ್ದಿಯನ್ನು ಕರುಳು ಮೊದಲೇ ಇನ್ಸುಲಿನ್ ಹೊರಡಿಸುವ ಮೇದೋಜೀರಕ ಗ್ರಂಥಿಗೆ ಮುಟ್ಟಿಸುತ್ತಿದೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಸೂಜಿಯ ಕಥೆ ಶುರುವಾಗುವುದು ಇಲ್ಲಿಂದ.

ಸುದ್ದಿ ಮುಟ್ಟಿಸುವ ಹಾರ್ಮೋನುಗಳಲ್ಲಿ ಒಂದರ ಹೆಸರು ಜಿಎಲ್‌ಪಿ-1. 1980ರ ದಶಕದಲ್ಲಿ ಬಾಸ್ಟನ್‌ನಲ್ಲಿ ಜೋಯಲ್ ಹ್ಯಾಬೆನರ್ ಮತ್ತು ಸ್ವೆಟ್ಲಾನಾ ಮೊಯ್ಸೊವ್, ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಯೂಲ್ ಹೋಲ್ಸ್ಟ್ ಇದರ ಬೆನ್ನು ಹತ್ತಿದ್ದರು. ಇದರ ಗುಣಗಳು ಒಂದಕ್ಕಿಂತ ಒಂದು ಚೆನ್ನ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ ಇನ್ಸುಲಿನ್ ಹೊರಡಿಸುತ್ತದೆ, ಹಾಗಾಗಿ ಸಕ್ಕರೆ ಪಾತಾಳಕ್ಕೆ ಇಳಿಯುವ ಭಯ ಕಡಿಮೆ. ಹೊಟ್ಟೆಯಲ್ಲಿದ್ದದ್ದು ಮುಂದೆ ಸಾಗುವುದನ್ನು ನಿಧಾನ ಮಾಡುತ್ತದೆ. ಮಿದುಳಿಗೆ ‘ಸಾಕು’ ಅನ್ನಿಸುತ್ತದೆ. ಸಕ್ಕರೆ ಕಾಯಿಲೆಗೆ ಇದಕ್ಕಿಂತ ಒಳ್ಳೆ ಔಷಧ ಬೇಕೇ?

ತೊಂದರೆ ಒಂದೇ. ರಕ್ತ ಸೇರಿದ ಎರಡೇ ನಿಮಿಷದಲ್ಲಿ ಇದರಲ್ಲಿ ಅರ್ಧ ಹಾಳಾಗಿರುತ್ತದೆ. ಜಿಎಲ್‌ಪಿ-1 ಅಂದರೆ ಅಮೈನೋ ಆಮ್ಲಗಳ ಒಂದು ಸರ. ಡಿಪಿಪಿ-4 ಎಂಬ ಕಿಣ್ವ ಕಾದು ಕೂತಿದ್ದು, ಆ ಸರದಲ್ಲಿ ಮೊದಲ ಎರಡನ್ನು ಕತ್ತರಿಸಿ ಹಾಕುತ್ತದೆ. ಮುಗಿಯಿತು. ಇಂಥದ್ದನ್ನು ಔಷಧ ಮಾಡಬೇಕೆಂದರೆ ದಿನವಿಡೀ ಡ್ರಿಪ್ ಹಾಕಿಕೊಂಡೇ ಇರಬೇಕು.

ದಾರಿ ತೋರಿಸಿದ್ದು ಒಂದು ವಿಷದ ಹಲ್ಲಿ. ಹೆಸರು ಹೀಲಾ ಮಾನ್‌ಸ್ಟರ್. ಅಮೆರಿಕದ ನೈಋತ್ಯ ಭಾಗ ಮತ್ತು ಮೆಕ್ಸಿಕೋದ ಮರುಭೂಮಿಯಲ್ಲಿರುವ, ಕಪ್ಪು-ಕಿತ್ತಳೆ ಮಣಿಗಳನ್ನು ಪೋಣಿಸಿದಂಥ ಚರ್ಮದ ನಿಧಾನಸ್ಥ ಪ್ರಾಣಿ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು, ವರ್ಷದಲ್ಲಿ ಕೆಲವೇ ಸಲ ತಿಂದು ಬದುಕಬಲ್ಲದು. ನ್ಯೂಯಾರ್ಕ್‌ನ ಜಾನ್ ಎಂಗ್ ಎಂಬ ವೈದ್ಯ-ಸಂಶೋಧಕರು 1992ರಲ್ಲಿ ಇದರ ವಿಷದಲ್ಲಿ ಎಕ್ಸೆಂಡಿನ್-4 ಎಂಬ ಅಂಥದ್ದೇ ಸರವನ್ನು ಕಂಡುಹಿಡಿದರು. ಅರ್ಧದಷ್ಟು ನಮ್ಮ ಜಿಎಲ್‌ಪಿ-1 ತರಹವೇ ಇದೆ. ಆದರೆ ಸರದ ಎರಡನೇ ಸ್ಥಾನದಲ್ಲಿ ನಮ್ಮಲ್ಲಿ ಅಲನಿನ್ ಇದ್ದರೆ, ಹಲ್ಲಿಯಲ್ಲಿ ಗ್ಲೈಸಿನ್. ಇಷ್ಟೇ ವ್ಯತ್ಯಾಸಕ್ಕೆ ಡಿಪಿಪಿ-4ರ ಆಟ ನಡೆಯುವುದಿಲ್ಲ. ಎಂಗ್ ಕೆಲಸ ಮಾಡುತ್ತಿದ್ದ ಸಂಸ್ಥೆ ಪೇಟೆಂಟ್‌ಗೆ ಮನಸ್ಸು ಮಾಡಲಿಲ್ಲ. ಅವರು ಸ್ವಂತ ದುಡ್ಡು ಹಾಕಿ ಪೇಟೆಂಟ್ ಮಾಡಿಸಿದರು! ಅದನ್ನೇ ಲ್ಯಾಬ್‌ನಲ್ಲಿ ತಯಾರಿಸಿದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಯ ಔಷಧವಾಯಿತು. ದಿನಕ್ಕೆ ಎರಡು ಸೂಜಿ.

ಎರಡು ನಿಮಿಷದ್ದು ಎರಡೂವರೆ ಗಂಟೆಯ ಹತ್ತಿರ ಬಂತು. ಅಷ್ಟಕ್ಕೆ ಸುಮ್ನೆ ಕೂರಲಿಲ್ಲ. ಡೆನ್ಮಾರ್ಕ್‌ನ ನೋವೋ ನಾರ್ಡಿಸ್ಕ್ ಕಂಪನಿಯಲ್ಲಿ ಲೊಟ್ಟೆ ಬ್ಯೆರ್ರೆ ಕ್ನುಡ್ಸೆನ್ ತಂಡ ಬೇರೆ ಉಪಾಯ ಹೂಡಿತು. ಹಾರ್ಮೋನಿಗೆ ಒಂದು ಕೊಬ್ಬಿನಾಮ್ಲದ ಬಾಲ ಅಂಟಿಸಿದರು. ಆ ಬಾಲ ರಕ್ತದಲ್ಲಿ ಧಾರಾಳವಾಗಿರುವ ಅಲ್ಬುಮಿನ್ ಪ್ರೋಟೀನಿಗೆ ಜೋತುಬೀಳುತ್ತದೆ. ಅದರ ಮರೆಯಲ್ಲಿದ್ದಷ್ಟು ಹೊತ್ತು ಕಿಣ್ವಕ್ಕೂ ಸುಲಭವಾಗಿ ಸಿಗುವುದಿಲ್ಲ, ಕಿಡ್ನಿ ಮೂಲಕ ಬೇಗ ಹೊರಗೂ ಹೋಗುವುದಿಲ್ಲ. ಹೀಗೆ ಬಂದ ಲಿರಾಗ್ಲುಟೈಡ್‌ನಲ್ಲಿ ಅರ್ಧ ಖಾಲಿಯಾಗಲು ಸುಮಾರು 13 ಗಂಟೆ ಬೇಕು. ಆಮೇಲಿನ ಸೆಮಾಗ್ಲುಟೈಡ್‌ನಲ್ಲಿ ಬಾಲ ಇನ್ನಷ್ಟು ಗಟ್ಟಿ ಹಿಡಿಯುವಂಥದ್ದು. ಹಲ್ಲಿಯಲ್ಲಿ ಬೇರೆಯಾಗಿದ್ದ ಅದೇ ಎರಡನೇ ಸ್ಥಾನವನ್ನೂ ಬದಲಿಸಿದರು. ಈಗ ಅವಧಿ ಒಂದು ವಾರ. ಓಜೆಂಪಿಕ್ ಅಂತ 2017ರಲ್ಲಿ ಬಂದದ್ದು ಇದೇ.

ಇದೆಲ್ಲ ನಡೆದದ್ದು ಮುಖ್ಯವಾಗಿ ಸಕ್ಕರೆ ಕಾಯಿಲೆಗೆಂದು. ಆದರೆ ತೆಗೆದುಕೊಂಡವರ ತೂಕವೂ ಇಳಿಯುತ್ತಾ ಹೋಯಿತು. ಸಕ್ಕರೆ ಕಾಯಿಲೆ ಇಲ್ಲದ, ತೂಕ ಜಾಸ್ತಿ ಇದ್ದ ಸುಮಾರು 2,000 ಜನರ ಮೇಲೆ ನಡೆದ ಸೆಮಾಗ್ಲುಟೈಡ್ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. 68 ವಾರದಲ್ಲಿ ಸರಾಸರಿ 14.9% ತೂಕ ಇಳಿದಿತ್ತು. ಬರೀ ಹುಸಿ ಸೂಜಿ ಪಡೆದವರಲ್ಲಿ 2.4%. ಆಹಾರ, ವ್ಯಾಯಾಮದ ಸಲಹೆ ಎರಡೂ ಗುಂಪಿಗೂ ಒಂದೇ ಇತ್ತು ಅನ್ನುವುದನ್ನು ಗಮನಿಸಿ. ಇನ್ನೊಂದು ಪ್ರಯೋಗದಲ್ಲಿ ಹೃದ್ರೋಗವಿದ್ದ 17,000ಕ್ಕೂ ಹೆಚ್ಚು ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾಗಿ 20% ಕಡಿಮೆಯಾದವು.

ನನಗೆ ಈ ಅಂಕಿಗಳಿಗಿಂತ ದೊಡ್ಡದಾಗಿ ಕಾಣುವುದು ಬೇರೆ. ಸೂಜಿ ತೆಗೆದುಕೊಂಡ ಎಷ್ಟೋ ಜನ ಹೇಳುವುದು, ತಲೆಯೊಳಗೆ ಸದಾ ನಡೆಯುತ್ತಿದ್ದ ತಿಂಡಿಯ ಯೋಚನೆ ನಿಂತೇ ಹೋಯಿತು ಅಂತ. ಊಟ ಮುಗಿದ ಮೇಲೂ ಮುಂದೇನು ತಿನ್ನಲಿ ಅನ್ನುವ ಆ ಗುನುಗು. ಬಾಯಿ ಕಟ್ಟಲು ಬರಲ್ಲ, ನಾಲಿಗೆ ಚಪಲ ಅಂತ ನಾವು ಬೈಯುತ್ತಾ ಬಂದದ್ದರಲ್ಲಿ ಎಷ್ಟು ಭಾಗ ಸ್ವಭಾವ, ಎಷ್ಟು ಭಾಗ ಹಾರ್ಮೋನು? ಒಂದು ಸಂಕೇತವನ್ನು ವಾರವಿಡೀ ಉಳಿಸಿದರೆ ಚಪಲ ಮಾಯವಾಗುತ್ತದೆ ಅಂದರೆ, ಬೈದವರು ಸ್ವಲ್ಪ ಯೋಚಿಸಬೇಕು.

ಹಾಗಂತ ಇದು ಮಂತ್ರದಂಡವಲ್ಲ. ನಿಲ್ಲಿಸಿದರೆ ಸಂಕೇತವೂ ನಿಲ್ಲುತ್ತದೆ, ಹಸಿವು ವಾಪಸ್. ಅದೇ 2021ರ ಪ್ರಯೋಗದವರನ್ನು ಸೂಜಿ ನಿಲ್ಲಿಸಿದ ಮೇಲೆ ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಇಳಿಯುವ ತೂಕದಲ್ಲಿ ಬರೀ ಕೊಬ್ಬಲ್ಲ, ಸ್ನಾಯುವೂ ಇರುತ್ತದೆ. ಅದಕ್ಕೇ ಪ್ರೋಟೀನು ತಿನ್ನಿ, ಭಾರ ಎತ್ತುವ ವ್ಯಾಯಾಮ ಮಾಡಿ ಅನ್ನುತ್ತಾರೆ ವೈದ್ಯರು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಅದಕ್ಕಾಗಿಯೇ ವಾರಕ್ಕೆ 0.25 ಮಿಲಿಗ್ರಾಂನಿಂದ ಶುರುಮಾಡಿ ತಿಂಗಳುಗಟ್ಟಲೆ ನಿಧಾನವಾಗಿ ಏರಿಸುವುದು. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಅಪರೂಪಕ್ಕೆ ಆಗಬಹುದು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ಈ ಸೂಜಿಯ ವಿಷಯ ಹೇಳಲೇಬೇಕು. ಖಾಲಿ ಹೊಟ್ಟೆ ಅಂತ ನಾವು ಅಂದುಕೊಂಡರೂ ಒಳಗೆ ಆಹಾರ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ.

ಸೂಜಿಯೇ ಯಾಕೆ, ಮಾತ್ರೆ ಸಾಲದೇ? ಇದು ಪ್ರೋಟೀನಿನಂಥ ವಸ್ತು, ಹೊಟ್ಟೆ ಅದನ್ನು ಜೀರ್ಣಿಸಿಬಿಡುತ್ತದೆ. ಸೆಮಾಗ್ಲುಟೈಡ್ ಮಾತ್ರೆ 2019ರಲ್ಲೇ ಬಂದರೂ, ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು 1%ಕ್ಕಿಂತ ಕಡಿಮೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೆರಡು ಗುಟುಕು ನೀರಿನ ಜೊತೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ ಕಾಯಬೇಕು. ಹಾಗಾಗಿ ಈಗ ಅಮೈನೋ ಆಮ್ಲದ ಸರವೇ ಅಲ್ಲದ, ಆದರೆ ಜಿಎಲ್‌ಪಿ-1 ಕೂರುವ ಜಾಗದಲ್ಲೇ ಕೂರುವ ಪುಟ್ಟ ಅಣುಗಳ ಕಡೆ ಗಮನ ಹರಿದಿದೆ. ಅದರಲ್ಲೊಂದು ಆರ್ಫೋಗ್ಲಿಪ್ರಾನ್. 2025ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಈ ಮಾತ್ರೆಯೂ ತೂಕ ಇಳಿಸಿದೆ, ಉಪವಾಸದ ನಿಯಮವಿಲ್ಲದೆ.