ಆಹಾರದ ಆಹಾರ: ಡ್ಯೂಬಿಯಾ ಜಿರಳೆಗಳಿಗೆ ಏನು ತಿನ್ನಿಸಬೇಕು?

ಸಾಕಿದ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್‌ನಂಥ ಹಲ್ಲಿಗಳಿಗೆ, ಟಾರಂಟುಲಾ ಎಂಬ ದೊಡ್ಡ ಜೇಡಗಳಿಗೆ ಮೇವಾಗಲೆಂದು ಮನೆಯಲ್ಲಿ ಬೆಳೆಸುವ ಕೀಟಗಳಲ್ಲಿ ಡ್ಯೂಬಿಯಾ ಜಿರಳೆಗೆ ಮೊದಲ ಮಣೆ. ದಕ್ಷಿಣ ಅಮೆರಿಕ ಮೂಲದ ಈ ಜಿರಳೆ ನುಣುಪಾದ ಗೋಡೆ ಹತ್ತಲಾರದು, ಒಮ್ಮೆಗೆ 20ರಿಂದ 40 ಮರಿ ಹಾಕುತ್ತದೆ, ಮುಂದಿಟ್ಟದ್ದನ್ನು ಹೆಚ್ಚೂಕಮ್ಮಿ ಎಲ್ಲವನ್ನೂ ತಿನ್ನುತ್ತದೆ. ತೊಂದರೆ ಶುರುವಾಗುವುದು ಈ ಕೊನೆಯ ಗುಣದಿಂದಲೇ. ಬೆಕ್ಕಿನ ಒಣ ಆಹಾರ ಹಾಕಿದರೆ ಮುಗಿಬಿದ್ದು ತಿನ್ನುತ್ತವೆ, ಬೇಗ ಬೆಳೆಯುತ್ತವೆ. ನೋಡಿದವರಿಗೆ ಇದೇ ಸರಿಯಾದ ಆಹಾರ ಅನ್ನಿಸುತ್ತದೆ. ಮೈಯೊಳಗೆ ನಡೆಯುತ್ತಿರುವುದು ಬೇರೆ.

ಹೆಚ್ಚಿನ ಕೀಟಗಳು ಪ್ರೊಟೀನ್ ಒಡೆದು ಉಳಿದ ಸಾರಜನಕವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹಿಕ್ಕೆಯ ಜೊತೆ ಹೊರಹಾಕಿಬಿಡುತ್ತವೆ. ಜಿರಳೆಗಳದು ಕೂಡಿಡುವ ದಾರಿ. ಅವು ಈ ಸಾರಜನಕವನ್ನು ಯೂರೇಟ್ (ಯೂರಿಕ್ ಆಮ್ಲದ ಲವಣ) ಹರಳುಗಳಾಗಿಸಿ ಕೊಬ್ಬಿನ ಅಂಗಾಂಶದಲ್ಲಿ ಶೇಖರಿಸುತ್ತವೆ. ಅದೇ ಅಂಗಾಂಶದ ವಿಶೇಷ ಕೋಶಗಳಲ್ಲಿ ಬ್ಲಾಟಾಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಬಾಳುತ್ತದೆ, ತಾಯಿಯ ಮೈಯೊಳಗಿನ ಮೊಟ್ಟೆಯ ಮೂಲಕವೇ ಮುಂದಿನ ಪೀಳಿಗೆಗೆ ದಾಟುತ್ತದೆ. ಪ್ರೊಟೀನ್ ಸಿಗದ ದಿನಗಳಲ್ಲಿ ಕೂಡಿಟ್ಟ ಸಾರಜನಕ ಮತ್ತೆ ಬಳಕೆಗೆ ಬರುತ್ತದೆ, ಅದರಿಂದ ಅಮೈನೋ ಆಮ್ಲಗಳನ್ನು ಕಟ್ಟಿಕೊಡುವುದು ಈ ಬ್ಯಾಕ್ಟೀರಿಯಾದ ಕೆಲಸ. ಬರಗಾಲಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಆದರೆ ದಿನವೂ 30–40% ಪ್ರೊಟೀನ್ ಇರುವ ಬೆಕ್ಕಿನ ಆಹಾರ ಸಿಕ್ಕರೆ ಶೇಖರಣೆ ಏರುತ್ತಲೇ ಹೋಗುತ್ತದೆ, ಕರಗುವುದಿಲ್ಲ. ಅಂಥ ಜಿರಳೆಯನ್ನು ನುಂಗಿದ ಹಲ್ಲಿಗೆ ಆ ಯೂರೇಟ್ ಕೂಡ ಹೊಟ್ಟೆ ಸೇರುತ್ತದೆ. ಯೂರಿಕ್ ಆಮ್ಲ ಕೀಲು, ಮೂತ್ರಪಿಂಡಗಳಲ್ಲಿ ಕೂತು ಬರುವ ಗೌಟ್ ಸರೀಸೃಪಗಳಿಗೆ ಹೊಸದೇನಲ್ಲ. ಹಾಗಿರುವಾಗ ಈ ಹೊರೆಯನ್ನು ಬೇಕೆಂದೇ ಹೊರಿಸುವುದು ತಪ್ಪು.

ಹಾಗೆಂದು ಪ್ರೊಟೀನ್ ತೀರಾ ಇಳಿಸಿದರೂ ಆಗದು. ಆಗ ತಾನೇ ಪೊರೆ ಕಳಚಿದ ಜಿರಳೆ ಬೆಳ್ಳಗೆ, ಮೆತ್ತಗಿರುತ್ತದೆ. ಹಸಿದ ಜೊತೆಗಾರರು ಅದನ್ನೇ ಕಚ್ಚುತ್ತಾರೆ. ಗಂಡುಗಳ ರೆಕ್ಕೆಯ ಅಂಚು ಹರಿದಿದ್ದರೆ ಪ್ರೊಟೀನ್ ಕಡಿಮೆಯಾಗಿದೆ, ನೀರು ಸಾಲುತ್ತಿಲ್ಲ ಅಥವಾ ಡಬ್ಬಿಯಲ್ಲಿ ಜಾಗವಿಲ್ಲ ಎಂದು ತಿಳಿಯಬೇಕು. ದಿನನಿತ್ಯದ ಒಣ ಆಹಾರದಲ್ಲಿ ಪ್ರೊಟೀನ್ 20%ರ ಒಳಗೆ, ಆದರೆ ಅದಕ್ಕೆ ಹತ್ತಿರವೇ ಇದ್ದರೆ ಎರಡೂ ಕಡೆಯ ಕಷ್ಟ ತಪ್ಪುತ್ತದೆ.

ಒಂದು ಕಿಲೋ ಮಿಶ್ರಣಕ್ಕೆ ಗೋಧಿ ಬೂಸಾ 500 ಗ್ರಾಂ, ಓಟ್ಸ್ 350 ಗ್ರಾಂ, ಹುರಿದ ಸೋಯಾ ಹಿಟ್ಟು 100 ಗ್ರಾಂ, ಒಣಗಿಸಿದ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) 50 ಗ್ರಾಂ. ಒಟ್ಟು ಪ್ರೊಟೀನ್ ಸುಮಾರು 18% ಆಗುತ್ತದೆ. ಸೋಯಾ ಹುರಿದದ್ದೇ ಆಗಬೇಕು, ಏಕೆಂದರೆ ಹಸಿ ಸೋಯಾದಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಎಲ್ಲವನ್ನೂ ಮಿಕ್ಸಿಯಲ್ಲಿ ಸಣ್ಣ ರವೆಯಷ್ಟು ಪುಡಿ ಮಾಡಿ. ಕೆಲವೇ ಮಿಲಿಮೀಟರ್ ಉದ್ದದ ಮರಿಗಳು ದೊಡ್ಡ ಚೂರನ್ನು ಕಡಿಯಲು ಪರದಾಡುತ್ತವೆ. ಪುಡಿಯನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆದರೆ ಅದರೊಳಗೆ ಬಂದಿರಬಹುದಾದ ನುಸಿ ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ತಣ್ಣಗಿನ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ.

ಕೋಳಿಮರಿಗಳ ಆಹಾರವನ್ನು ಬಳಸುವವರೂ ಇದ್ದಾರೆ. ಅದು ಔಷಧ ಬೆರೆಸದ ಬಗೆಯದ್ದೇ ಎಂದು ಚೀಲದ ಮೇಲೆ ಓದಿ ಖಚಿತಪಡಿಸಿಕೊಳ್ಳಿ. ಆ್ಯಂಟಿಬಯಾಟಿಕ್ ಬೆರೆತ ಆಹಾರ ಜಿರಳೆಯೊಳಗಿನ ಬ್ಯಾಕ್ಟೀರಿಯಾಕ್ಕೂ ಕುತ್ತು ತರಬಲ್ಲದು. ಆ ಜೊತೆಗಾರ ಇಲ್ಲವಾದರೆ ಜಿರಳೆಯ ಬೆಳವಣಿಗೆ, ಸಂತಾನ ಎರಡೂ ಸೊರಗುತ್ತವೆ.

ಎಷ್ಟು ಹಾಕಬೇಕೆಂಬುದಕ್ಕೆ ಅಳತೆಗಿಂತ ತಟ್ಟೆಯೇ ಉತ್ತರ ಹೇಳುತ್ತದೆ. ಕೆಲವು ನೂರು ಜಿರಳೆಗಳ ಡಬ್ಬಿಗೆ ಎರಡು ದೊಡ್ಡ ಚಮಚದಿಂದ ಆರಂಭಿಸಿ, ಮೂರು ನಾಲ್ಕು ದಿನಕ್ಕೆ ಖಾಲಿಯಾಗುವಷ್ಟಕ್ಕೆ ಹೊಂದಿಸಿಕೊಳ್ಳಿ. ಆಹಾರ ಏಕಾಏಕಿ ಉಳಿಯತೊಡಗಿದರೆ ಮೊದಲು ಉಷ್ಣಮಾಪಕ ನೋಡಿ. ಡ್ಯೂಬಿಯಾ 27ರಿಂದ 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ತಿಂದು ಮರಿ ಹಾಕುತ್ತದೆ. ಬಿಸಿ 20ರ ಹತ್ತಿರಕ್ಕೆ ಇಳಿದರೆ ಯಾವ ರುಚಿಯೂ ಜಿರಳೆಯನ್ನು ಹೆಚ್ಚು ತಿನ್ನಿಸಲಾರದು.

ನೀರಿನ ವಿಷಯದಲ್ಲಿ ಆಗುವ ತಪ್ಪುಗಳೇ ಹೆಚ್ಚು ಜಿರಳೆಗಳನ್ನು ಕೊಲ್ಲುತ್ತವೆ. ತೆರೆದ ಬಟ್ಟಲಿನಲ್ಲಿ ಮರಿಗಳು ಮುಳುಗುತ್ತವೆ, ಸ್ಪಂಜು ಎರಡೇ ದಿನಕ್ಕೆ ಲೋಳೆಯಾಗುತ್ತದೆ. ನೀರು ಹೀರಿ ಉಬ್ಬುವ ಪಾಲಿಮರ್ ಹರಳು ಉತ್ತಮ. ಅದು ಗೊಬ್ಬರ ಬೆರೆಸಿದ್ದಾಗಿರಬಾರದು. ಗಡಸು ನೀರಿನಲ್ಲಿ ಅದು ಕಡಿಮೆ ಉಬ್ಬುತ್ತದೆ, ಆದ್ದರಿಂದ ಗಡಸುತನ ತೆಗೆದ ಆರ್‌ಒ ನೀರಿನಲ್ಲಿ ನೆನೆಸಿ. ಹಣ್ಣು ತರಕಾರಿಯನ್ನಷ್ಟೇ ನಂಬಿಯೂ ಡ್ಯೂಬಿಯಾ ಸಾಕಬಹುದು, ಆದರೆ ಒಂದೆರಡು ದಿನ ಮರೆತರೆ ಪೊರೆ ಕಳಚುವ ಹಂತದಲ್ಲಿರುವವು ಹಳೆಯ ಪೊರೆಯೊಳಗೇ ಸಿಕ್ಕಿಬಿದ್ದು ಸಾಯಬಹುದು. ಹರಳಿನ ಬಟ್ಟಲು ಯಾವಾಗಲೂ ಇರಲಿ ಎನ್ನುವುದು ಇದಕ್ಕೇ.

ಕ್ಯಾರೆಟ್, ಸಿಹಿಗೆಣಸು, ಸೇಬು, ಕಿತ್ತಳೆ ಹೋಳುಗಳನ್ನು ವಾರಕ್ಕೆ ಎರಡು ಮೂರು ಸಲ ಕೊಡಿ. ಇವು ನಿಶಾಚರಿಗಳು, ಸಂಜೆ ಇಟ್ಟರೆ ರಾತ್ರಿ ತಿನ್ನುತ್ತವೆ. ಮರುದಿನ ಸಂಜೆಗೆ ಉಳಿದದ್ದನ್ನು ಮರೆಯದೆ ತೆಗೆಯಿರಿ. ಬೆಚ್ಚಗಿನ ಮುಚ್ಚಿದ ಡಬ್ಬಿಯಲ್ಲಿ ಬೂಸ್ಟು ಹಿಡಿಯಲು ಅಷ್ಟೇ ಸಮಯ ಸಾಕು. ಕೀಟನಾಶಕದ ಬಗ್ಗೆ ವಿಶೇಷ ಎಚ್ಚರ ಬೇಕು: ಮನುಷ್ಯರಿಗೆ ಏನೂ ಮಾಡದಷ್ಟು ಅಲ್ಪ ಪ್ರಮಾಣದ ಉಳಿಕೆಯೂ ಕೀಟಕ್ಕೆ ವಿಷವೇ ತಾನೆ. ತೊಳೆಯಿರಿ, ಸಾಧ್ಯವಾದಲ್ಲಿ ಸಿಪ್ಪೆ ತೆಗೆಯಿರಿ. ಹಸಿರಾದ ಆಲೂಗಡ್ಡೆ, ಬೆಣ್ಣೆಹಣ್ಣು ಬೇಡ.

ಒಣ ಆಹಾರ ಮತ್ತು ಹಸಿ ಹೋಳುಗಳ ತಟ್ಟೆಗಳು ಡಬ್ಬಿಯ ಬೇರೆ ಬೇರೆ ತುದಿಯಲ್ಲಿರಬೇಕು. ಒದ್ದೆಯಾದ ಪುಡಿ ಅಂದರೆ ನುಸಿಗೆ ಹಬ್ಬ. ತಟ್ಟೆಯ ಅಂಚಿನಲ್ಲಿ ತಾನಾಗಿ ಚಲಿಸುವ ಕಂದು ಧೂಳು ಕಂಡರೆ ಅದೇ ನುಸಿ. ಆಹಾರವನ್ನೆಲ್ಲ ಎಸೆದು, ಡಬ್ಬಿ ತೊಳೆದು ಒಣಗಿಸಿ, ಕೆಲವು ವಾರ ಗಾಳಿ ಹೆಚ್ಚು ಆಡುವಂತೆ ಇಡಿ. ಡಬ್ಬಿ ಸ್ವಚ್ಛ ಮಾಡುವಾಗ ಮಾಸ್ಕ್ ಹಾಕಿಕೊಳ್ಳಿ, ಹಿಕ್ಕೆಯ ಧೂಳು ಅಲರ್ಜಿ, ಆಸ್ತಮಾ ಕೆರಳಿಸುತ್ತದೆ. ಒಂದಿಷ್ಟು ಹಿಕ್ಕೆಯನ್ನು ಒಳಗೇ ಬಿಡಿ, ಚಿಕ್ಕ ಮರಿಗಳು ಅದನ್ನೂ ತಿನ್ನುತ್ತವೆ.

ಇಷ್ಟೂ ಹೇಳಿದ್ದು ಜಿರಳೆಯ ಹೊಟ್ಟೆಗೆ. ತಿನ್ನುವ ಹಲ್ಲಿಯ ಅಗತ್ಯವೇ ಬೇರೆ, ಎರಡನ್ನೂ ಒಂದೇ ತಟ್ಟೆಯಲ್ಲಿ ತೀರಿಸಲು ಹೋಗಬಾರದು. ಜಿರಳೆಯ ಕವಚ ಕೈಟಿನ್ ಎಂಬ ನಾರಿನಂಥ ಗಟ್ಟಿ ವಸ್ತು ಮತ್ತು ಪ್ರೊಟೀನಿನಿಂದಾದದ್ದು, ಮೂಳೆಯಂತೆ ಅದರಲ್ಲಿ ಕ್ಯಾಲ್ಸಿಯಂ ತುಂಬಿರುವುದಿಲ್ಲ. ಹಾಗಾಗಿ ರಂಜಕಕ್ಕಿಂತ ಕ್ಯಾಲ್ಸಿಯಂ ಬಹಳ ಕಡಿಮೆ. ಕೀಟ ತಿನ್ನುವ ಸರೀಸೃಪಗಳಿಗೆ ಬೇಕಾದದ್ದು ತಿರುಗುಮುರುಗು, ಒಂದು ಪಾಲು ರಂಜಕಕ್ಕೆ ಎರಡು ಪಾಲಿನಷ್ಟು ಕ್ಯಾಲ್ಸಿಯಂ. ಜಿರಳೆಯ ಮೈಗೆ ಕ್ಯಾಲ್ಸಿಯಂ ಹತ್ತಿಸಲಾಗದಿದ್ದರೂ ಅದರ ಕರುಳಿಗೆ ತುಂಬಿ ಕಳಿಸಬಹುದು. ಹಲ್ಲಿಗೆ ಕೊಡುವ 24ರಿಂದ 48 ಗಂಟೆ ಮೊದಲು ಬೇಕಾದಷ್ಟು ಜಿರಳೆಗಳನ್ನು ಬೇರೆ ಡಬ್ಬಿಗೆ ಹಾಕಿ. ಅಲ್ಲಿ 80 ಗ್ರಾಂ ಒಣ ಮಿಶ್ರಣಕ್ಕೆ 20 ಗ್ರಾಂ ನುಣ್ಣನೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ ಕೊಡಿ. ಕಾರ್ಬೊನೇಟಿನ 40% ಮಾತ್ರ ಕ್ಯಾಲ್ಸಿಯಂ ಆದ್ದರಿಂದ ಮಿಶ್ರಣದಲ್ಲಿ ಸುಮಾರು 8% ಬರುತ್ತದೆ. ಪಕ್ಕದಲ್ಲಿ ನೀರಿನ ಹರಳು ಇರಲೇಬೇಕು, ಬಾಯಾರಿದ ಜಿರಳೆ ಒಣಪುಡಿ ಮುಟ್ಟುವುದಿಲ್ಲ. ಸೊಪ್ಪು ಹಾಕುವುದಾದರೆ ಸಾಸಿವೆ ಸೊಪ್ಪು ಹಾಕಿ. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ.

ಈ ತುಂಬಿಸಿದ ಆಹಾರ ಕರುಳಿನಲ್ಲಿ ಉಳಿಯುವುದು ಅಲ್ಪ ಕಾಲ. ಡಬ್ಬಿಯಿಂದ ತೆಗೆದ ಜಿರಳೆಗಳನ್ನು ಅಂದೇ ಕೊಡಿ, ಕೊಡುವ ಮುನ್ನ ಮೈಮೇಲೂ ತೆಳುವಾಗಿ ಕ್ಯಾಲ್ಸಿಯಂ ಪುಡಿ ಹತ್ತಿಸಿ. ಉಳಿದವನ್ನು ತಾಯಿಡಬ್ಬಿಗೆ ವಾಪಸ್ ಬಿಟ್ಟು ಮಾಮೂಲಿ ಆಹಾರಕ್ಕೆ ಮರಳಿಸಿ. 8% ಕ್ಯಾಲ್ಸಿಯಂನ ಈ ಪುಡಿ ಎರಡು ದಿನದ ಊಟವೇ ಹೊರತು ಜಿರಳೆಗಳನ್ನು ಬೆಳೆಸುವ ಆಹಾರವಲ್ಲ.