ಜಗಳ ಮೊದಲು, ನಿಯಮ ಆಮೇಲೆ: ಫಾರ್ಮುಲಾ 1 ಟ್ರ್ಯಾಕಿನ ಮುಗಿಯದ ತಕರಾರು

2024ರ ಅಕ್ಟೋಬರ್. ಅಮೆರಿಕದ ಆಸ್ಟಿನ್‌ನಲ್ಲಿ ಫಾರ್ಮುಲಾ 1 ರೇಸ್ ಮುಗಿಯಲು ನಾಲ್ಕೇ ಲ್ಯಾಪ್ ಬಾಕಿ. ಮೂರನೇ ಸ್ಥಾನಕ್ಕೆ ಮ್ಯಾಕ್ಸ್ ವರ್ಸ್ಟಾಪನ್ ಮತ್ತು ಲ್ಯಾಂಡೋ ನಾರಿಸ್ ನಡುವೆ ಜಿದ್ದಾಜಿದ್ದಿ. 12ನೇ ತಿರುವಿಗೆ ಬರುವಾಗ ನಾರಿಸ್ ಹೊರಬದಿಯಿಂದ ಮುಂದೆ ಬಂದಿದ್ದರು. ಒಳಬದಿಯಲ್ಲಿದ್ದ ವರ್ಸ್ಟಾಪನ್ ತುಂಬಾ ತಡವಾಗಿ ಬ್ರೇಕ್ ಹಾಕಿದರು. ಎರಡೂ ಕಾರು ಟ್ರ್ಯಾಕಿನಿಂದ ಆಚೆ ಹೋದವು. ವಾಪಸ್ ಬರುವಾಗ ನಾರಿಸ್ ಮುಂದಿದ್ದರು. ಟ್ರ್ಯಾಕಿನ ಹೊರಗೆ ಹೋಗಿ ಓವರ್‌ಟೇಕ್ ಮಾಡಿದರು ಅಂತ ಅವರಿಗೆ 5 ಸೆಕೆಂಡ್ ಪೆನಾಲ್ಟಿ ಬಿತ್ತು. ಮೂರನೆಯವರಾಗಿ ಗೆರೆ ದಾಟಿದವರು ನಾಲ್ಕಕ್ಕೆ ಇಳಿದರು.

ಆಚೆ ಹೋದದ್ದು ಇಬ್ಬರೂ, ಶಿಕ್ಷೆ ಮಾತ್ರ ಒಬ್ಬರಿಗೆ. ಹಾಗಂತ ಸ್ಟೀವರ್ಡ್‌ಗಳು, ಅಂದರೆ ರೇಸಿನ ತೀರ್ಪುಗಾರರು, ಮನಸ್ಸಿಗೆ ಬಂದಂತೆ ತೀರ್ಪು ಕೊಟ್ಟಿರಲಿಲ್ಲ. ಅವರ ಕೈಯಲ್ಲೊಂದು ಮಾರ್ಗಸೂಚಿ ಇತ್ತು. ಹೊರಬದಿಯಿಂದ ಓವರ್‌ಟೇಕ್ ಮಾಡುವವರು ಏಪೆಕ್ಸ್‌ನಲ್ಲಿ, ಅಂದರೆ ಕಾರು ತಿರುವಿನ ಒಳ ಅಂಚಿಗೆ ತೀರಾ ಹತ್ತಿರವಾಗುವ ಜಾಗದಲ್ಲಿ, ಮುಂದಿರಬೇಕು. ಆಗ ಮಾತ್ರ ಎದುರಾಳಿ ಅವರಿಗೆ ಜಾಗ ಬಿಡಬೇಕು. ವರ್ಸ್ಟಾಪನ್ ಬ್ರೇಕ್ ಬಿಟ್ಟುಕೊಂಡು ಆ ಜಾಗವನ್ನು ಮೊದಲು ಮುಟ್ಟಿದ್ದರು. ಆಮೇಲೆ ಕಾರು ಟ್ರ್ಯಾಕಿನಲ್ಲಿ ಉಳಿಯಲಿಲ್ಲ ಅನ್ನುವುದು ಬೇರೆ ಮಾತು. ಮೆಕ್ಲಾರೆನ್ ಟೀಮ್ ಮರುಪರಿಶೀಲನೆಗೆ ಅರ್ಜಿ ಹಾಕಿತು. ತಿರುವಿಗೆ ಮೊದಲೇ ನಾರಿಸ್ ಮುಂದಿದ್ದರು, ಹಾಗಾಗಿ ಓವರ್‌ಟೇಕ್ ಮಾಡುತ್ತಿದ್ದವರು ನಾರಿಸ್ ಅಲ್ಲ, ವರ್ಸ್ಟಾಪನ್ ಅನ್ನುವುದು ಅವರ ವಾದ. ಇದರಲ್ಲಿ ಹೊಸ ಸಾಕ್ಷ್ಯ ಏನೂ ಇಲ್ಲ ಅಂತ ಅರ್ಜಿ ಬಿದ್ದುಹೋಯಿತು. ಒಂದೇ ವಾರಕ್ಕೆ ಮೆಕ್ಸಿಕೊದಲ್ಲಿ ಇದೇ ಇಬ್ಬರು ಮತ್ತೆ ತಾಗಿಕೊಂಡರು. ಈ ಸಲ ವರ್ಸ್ಟಾಪನ್‌ಗೆ ಒಂದೇ ಲ್ಯಾಪಿನ ಎರಡು ತಪ್ಪಿಗೆ ಒಟ್ಟು 20 ಸೆಕೆಂಡ್ ಬಿತ್ತು.

ಚಾಲಕರು ಪರಸ್ಪರ ಹೇಗೆ ಓಡಿಸಬೇಕು ಅನ್ನುವ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ಹೀಗೆ. ಇಬ್ಬರು ಘಟಾನುಘಟಿಗಳು ಗುದ್ದಾಡುತ್ತಾರೆ. ಆ ಗುದ್ದಾಟಕ್ಕೆ ಅಂತ ಒಂದು ನಿಯಮ ಬರೆಯುತ್ತಾರೆ. ಮುಂದಿನ ಜೋಡಿ ಆ ನಿಯಮದ ಅಂಚಿನಲ್ಲೇ ಓಡಿಸುವುದನ್ನು ಕಲಿಯುತ್ತದೆ. ಇದರ ನಡುವೆ ಹೊಸದಾಗಿ ಬಂದು ಸಿಕ್ಕಿಕೊಳ್ಳುವ ಹುಡುಗರ ಬಗ್ಗೆ ಯೋಚಿಸುವವರು ಕಡಿಮೆ.

ಹಿಂದೆ ಹೀಗಿರಲಿಲ್ಲ ಅಂತ ಹೇಳುವವರು 1958ರ ಪೋರ್ಚುಗಲ್ ರೇಸನ್ನು ನೆನಪಿಸುತ್ತಾರೆ. ಮೈಕ್ ಹಾಥಾರ್ನ್ ಕಾರು ತಿರುಗಿ ನಿಂತುಹೋಗಿತ್ತು. ಅದನ್ನು ಮತ್ತೆ ಸ್ಟಾರ್ಟ್ ಮಾಡಲು ಅವರು ಉಲ್ಟಾ ದಿಕ್ಕಿನಲ್ಲಿ ಓಡಿಸಿದರು ಅಂತ ಅವರನ್ನು ಅನರ್ಹಗೊಳಿಸಲು ಹೊರಟಿದ್ದರು. ಆಗ ಸಾಕ್ಷಿ ಹೇಳಿದವರು ಯಾರು ಗೊತ್ತಾ? ಚಾಂಪಿಯನ್ ಪಟ್ಟಕ್ಕೆ ಅವರ ನೇರ ಎದುರಾಳಿ ಸ್ಟರ್ಲಿಂಗ್ ಮಾಸ್. ಹಾಥಾರ್ನ್ ಓಡಿಸಿದ್ದು ಟ್ರ್ಯಾಕಿನ ಮೇಲಲ್ಲ, ಪಕ್ಕದ ಕಾಲುದಾರಿಯಲ್ಲಿ ಅಂತ ಮಾಸ್ ಹೇಳಿದರು. ಎರಡನೇ ಸ್ಥಾನದ ಅಂಕಗಳು ಹಾಥಾರ್ನ್‌ಗೆ ಉಳಿದವು. ವರ್ಷದ ಕೊನೆಗೆ ಹಾಥಾರ್ನ್ 42, ಮಾಸ್ 41. ನಾಲ್ಕು ರೇಸ್ ಗೆದ್ದ ಮಾಸ್, ಒಂದೇ ರೇಸ್ ಗೆದ್ದವರಿಗೆ ಒಂದು ಅಂಕದಿಂದ ಸೋತರು. ಮುಂದೆ ಅವರಿಗೆ ಪಟ್ಟ ಸಿಗಲೇ ಇಲ್ಲ. ನನಗೆ ಈ ಆಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣುವುದಿಲ್ಲ.

ಆದರೆ ಒಬ್ಬರ ಒಳ್ಳೆಯತನವನ್ನು ನಂಬಿಕೊಂಡು ಚಾಂಪಿಯನ್‌ಶಿಪ್ ನಡೆಸಲು ಆಗುವುದಿಲ್ಲ. ಅದು ಎಲ್ಲರಿಗೂ ಅರ್ಥವಾಗಿದ್ದು ಜಪಾನಿನ ಸುಜುಕಾದಲ್ಲಿ.

1989ರಲ್ಲಿ ಅಯರ್ಟನ್ ಸೆನ್ನಾ ಮತ್ತು ಅಲೈನ್ ಪ್ರಾಸ್ಟ್ ಒಂದೇ ಟೀಮಿನವರು, ಮೆಕ್ಲಾರೆನ್. ಪಟ್ಟ ಉಳಿಯಬೇಕಾದರೆ ಸೆನ್ನಾ ಗೆಲ್ಲಲೇಬೇಕು. 46ನೇ ಲ್ಯಾಪಿನಲ್ಲಿ, ವೇಗ ತಗ್ಗಿಸಲು ಮಾಡಿದ ಅಂಕುಡೊಂಕು ತಿರುವಿಗೆ, ಅಂದರೆ ಶಿಕೇನ್‌ಗೆ ಬರುವಾಗ ಸೆನ್ನಾ ಒಳಗೆ ನುಗ್ಗಿದರು, ಪ್ರಾಸ್ಟ್ ಬಾಗಿಲು ಮುಚ್ಚಿದರು. ಎರಡೂ ಕಾರು ಒಂದಕ್ಕೊಂದು ಸಿಕ್ಕಿಕೊಂಡು ನಿಂತವು. ಪ್ರಾಸ್ಟ್ ಕೆಳಗಿಳಿದು ನಡೆದರು. ಸೆನ್ನಾ ಮಾತ್ರ ಟ್ರ್ಯಾಕ್ ಪಕ್ಕದ ಸಿಬ್ಬಂದಿಯಾದ ಮಾರ್ಷಲ್‌ಗಳಿಗೆ ತಳ್ಳಿ ಅಂತ ಕೈಸನ್ನೆ ಮಾಡಿದರು. ಕಾರು ಸ್ಟಾರ್ಟ್ ಆಯಿತು. ತಿರುವು ತಪ್ಪಿದ ಕಾರುಗಳಿಗೆ ಅಂತ ಇರುವ ಎದುರಿನ ಎಸ್ಕೇಪ್ ರಸ್ತೆಯಲ್ಲಿ ಹೋಗಿ ಟ್ರ್ಯಾಕ್ ಸೇರಿದರು. ಮುರಿದ ಮೂತಿಯನ್ನು ಪಿಟ್‌ನಲ್ಲಿ, ಅಂದರೆ ಕಾರು ರಿಪೇರಿ ಮಾಡುವ ಜಾಗದಲ್ಲಿ, ಬದಲಿಸಿಕೊಂಡು, ಮುಂದಿದ್ದ ಚಾಲಕ ಅಲೆಸಾಂಡ್ರೊ ನಾನಿನಿಯನ್ನು ಹಿಂದಿಕ್ಕಿ ರೇಸ್ ಗೆದ್ದರು. ಆದರೆ ಮೊದಲ ಮೂವರು ನಿಲ್ಲುವ ಪೋಡಿಯಂ ಹತ್ತಲು ಬಿಡಲಿಲ್ಲ. ಶಿಕೇನ್ ತಪ್ಪಿಸಿ ಹೋದ ಕಾರಣಕ್ಕೆ ಅನರ್ಹ. ಪಟ್ಟ ಪ್ರಾಸ್ಟ್‌ಗೆ. ಮೇಲ್ಮನವಿ ಹಾಕಿದರೆ 1 ಲಕ್ಷ ಡಾಲರ್ ದಂಡ ಬೇರೆ ಸೇರಿಕೊಂಡಿತು.

ಮರುವರ್ಷ ಅದೇ ಸುಜುಕಾ. ಪ್ರಾಸ್ಟ್ ಆಗ ಫೆರಾರಿಯಲ್ಲಿ. ಸೆನ್ನಾ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಶುರುಮಾಡುವ ಜಾಗ, ಗೆದ್ದಿದ್ದರೂ ನಿಲ್ಲಬೇಕಾದ ಬದಿಯಲ್ಲಿ ಧೂಳು ಜಾಸ್ತಿ, ಹಿಡಿತ ಕಡಿಮೆ. ಬದಿ ಬದಲಿಸಿ ಅಂತ ಕೇಳಿದರು. ಆಗಲ್ಲ ಅಂದರು. ರೇಸ್ ಶುರುವಾಯಿತು, ಪ್ರಾಸ್ಟ್ ಮುಂದೆ ಹೋದರು, ಮೊದಲ ತಿರುವಿನಲ್ಲೇ ಸೆನ್ನಾ ಬಂದು ಗುದ್ದಿದರು. ಇಬ್ಬರೂ ಔಟ್, ಅಂಕಗಳಲ್ಲಿ ಮುಂದಿದ್ದ ಸೆನ್ನಾ ಚಾಂಪಿಯನ್. ಬೇಕಂತಲೇ ಮಾಡಿದ್ದು ಅಂತ 1991ರಲ್ಲಿ ಅವರೇ ಒಪ್ಪಿಕೊಂಡರು. ಶಿಕ್ಷೆ? ಏನೂ ಇಲ್ಲ. ಎಸ್ಕೇಪ್ ರಸ್ತೆಯಲ್ಲಿ ಹೋಗಿದ್ದಕ್ಕೆ ಪಟ್ಟ ಹೋಯಿತು, ವೇಗವಾಗಿ ಓಡುತ್ತಿದ್ದ ಕಾರಿಗೆ ಬೇಕಂತ ಗುದ್ದಿದ್ದಕ್ಕೆ ಪಟ್ಟ ಸಿಕ್ಕಿತು. ಸೆನ್ನಾ ಎಷ್ಟೇ ದೊಡ್ಡ ಚಾಲಕ ಆಗಿರಲಿ, ಇದನ್ನು ಸರಿ ಅನ್ನಲು ನನಗೆ ಆಗುವುದಿಲ್ಲ.

1994ರಲ್ಲಿ ಅಡಿಲೇಡ್. ಒಂದು ಅಂಕ ಮುಂದಿದ್ದ ಮೈಕೆಲ್ ಶೂಮಾಕರ್ ಗೋಡೆಗೆ ತಾಗಿ, ಟ್ರ್ಯಾಕಿಗೆ ಮರಳಿ, ಡೇಮನ್ ಹಿಲ್ ಕಾರಿಗೆ ಡಿಕ್ಕಿಯಾದರು. ಇಬ್ಬರೂ ಔಟ್, ಶೂಮಾಕರ್ ಚಾಂಪಿಯನ್. 1997ರಲ್ಲಿ ಹೆರೆಜ್‌ನಲ್ಲಿ ಮತ್ತೆ ಒಂದೇ ಅಂಕ ಮುಂದಿದ್ದ ಅವರು ಜಾಕ್ ವಿಲ್ನೇವ್‌ಗೆ ಗುದ್ದಿದರು. ಈ ಸಲ ವಿಲ್ನೇವ್ ಕಾರು ನಿಲ್ಲಲಿಲ್ಲ, ಪಟ್ಟ ಅವರಿಗೇ ಹೋಯಿತು. ಶೂಮಾಕರ್ ಅವರನ್ನು ಇಡೀ ವರ್ಷದ ಅಂಕಪಟ್ಟಿಯಿಂದಲೇ ತೆಗೆದುಹಾಕಿದರು. ಏಳು ವರ್ಷದಲ್ಲಿ ಮೂರು ಡಿಕ್ಕಿ, ಶಿಕ್ಷೆ ಆದದ್ದು ಗುದ್ದಿದವರು ಸೋತಾಗ ಮಾತ್ರ.

ಹೊಸಬರ ಕಥೆ ಇಲ್ಲಿಂದ ಸೇರಿಕೊಳ್ಳುತ್ತದೆ. 2007ರಲ್ಲಿ 22 ವರ್ಷದ ಲೂಯಿಸ್ ಹ್ಯಾಮಿಲ್ಟನ್ ಮೆಕ್ಲಾರೆನ್‌ಗೆ ಬಂದಾಗ ಪಕ್ಕದ ಕಾರಿನಲ್ಲಿ ಎರಡು ಬಾರಿಯ ಚಾಂಪಿಯನ್ ಫರ್ನಾಂಡೋ ಅಲೊನ್ಸೊ. ಹೊಸ ಹುಡುಗ ಮೊದಲ ಒಂಬತ್ತು ರೇಸ್‌ಗಳಲ್ಲೂ ಪೋಡಿಯಂ ಹತ್ತಿದ. ಜಗಳ ಹೊತ್ತಿಕೊಂಡದ್ದು ಹಂಗೇರಿಯಲ್ಲಿ, ಯಾರು ಎಲ್ಲಿಂದ ರೇಸ್ ಶುರುಮಾಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ. ಮೊದಲು ಅಲೊನ್ಸೊ ಅವರನ್ನು ಮುಂದೆ ಬಿಡು ಅಂತ ಟೀಮ್ ಹೇಳಿದರೆ ಹ್ಯಾಮಿಲ್ಟನ್ ಬಿಡಲಿಲ್ಲ. ಕೊನೆಯ ಪಿಟ್ ನಿಲುಗಡೆಯಲ್ಲಿ ಅಲೊನ್ಸೊ ಹೊಸ ಟೈರ್ ಹಾಕಿಸಿಕೊಂಡು, ಹೊರಡಬಹುದು ಅಂದ ಮೇಲೂ ಸುಮ್ನೆ ನಿಂತರು. ಹತ್ತು ಸೆಕೆಂಡ್. ಹಿಂದೆ ಹ್ಯಾಮಿಲ್ಟನ್ ಕಾಯುತ್ತಿದ್ದಾರೆ, ಗಡಿಯಾರ ಓಡುತ್ತಿದೆ. ಅಲೊನ್ಸೊ ಸಮಯಕ್ಕೆ ಸರಿಯಾಗಿ ಗೆರೆ ದಾಟಿ ಪೋಲ್ ಪಡೆದರು, ಹ್ಯಾಮಿಲ್ಟನ್‌ಗೆ ಕೊನೆಯ ಲ್ಯಾಪ್ ಸಿಗಲಿಲ್ಲ. ಸ್ಟೀವರ್ಡ್‌ಗಳು ಅಲೊನ್ಸೊ ಅವರನ್ನು ಐದು ಸ್ಥಾನ ಹಿಂದೆ ತಳ್ಳಿದರು. ಅದೇ ವರ್ಷ ಫೆರಾರಿಯ ಗುಟ್ಟಿನ ದಾಖಲೆಗಳ ಹಗರಣದಲ್ಲಿ ಮೆಕ್ಲಾರೆನ್‌ಗೆ 10 ಕೋಟಿ ಡಾಲರ್ ದಂಡ ಬಿತ್ತು. ಕೊನೆಗೆ ಕಿಮಿ ರೈಕೊನೆನ್ 110 ಅಂಕ, ಹ್ಯಾಮಿಲ್ಟನ್ ಮತ್ತು ಅಲೊನ್ಸೊ ತಲಾ 109. ಇಬ್ಬರ ಜಗಳ ಮೂರನೆಯವರಿಗೆ ಲಾಭ.

ಮರುವರ್ಷ ಬೆಲ್ಜಿಯಂನ ಸ್ಪಾದಲ್ಲಿ ಹ್ಯಾಮಿಲ್ಟನ್ ಶಿಕೇನ್ ತಪ್ಪಿಸಿ ಮುಂದೆ ಬಂದರು, ಸ್ಥಾನ ವಾಪಸ್ ಕೊಟ್ಟರು, ಮುಂದಿನ ತಿರುವಿನಲ್ಲೇ ಮತ್ತೆ ಕಿತ್ತುಕೊಂಡರು. 25 ಸೆಕೆಂಡ್ ಸೇರಿಸಿದ ಮೇಲೆ ಗೆಲುವು ಫೆರಾರಿಯ ಫೆಲಿಪೆ ಮಾಸ್ಸಾ ಪಾಲಾಯಿತು. ಸ್ಥಾನ ವಾಪಸ್ ಕೊಟ್ಟವರು ಮುಂದಿನ ತಿರುವಿನಲ್ಲೇ ದಾಳಿ ಮಾಡಬಾರದು ಅನ್ನುವ ಸ್ಪಷ್ಟನೆ ಬಂದದ್ದು ಇದಾದ ಮೇಲೆ. 2010ರಿಂದ ಸ್ಟೀವರ್ಡ್‌ಗಳ ಜೊತೆ ಒಬ್ಬ ಮಾಜಿ ಚಾಲಕರೂ ಕೂರತೊಡಗಿದರು. ಆ ವರ್ಷದ ಮೊದಲ ರೇಸ್ ಬಹ್ರೇನ್, ಅಲ್ಲಿ ಆ ಕುರ್ಚಿಯಲ್ಲಿ ಕೂತವರು ಅಲೈನ್ ಪ್ರಾಸ್ಟ್. 2014ರಲ್ಲಿ ಪೆನಾಲ್ಟಿ ಪಾಯಿಂಟ್ ಪದ್ಧತಿ ಬಂತು. 12 ತಿಂಗಳಲ್ಲಿ 12 ಪಾಯಿಂಟ್ ಸೇರಿದರೆ ಒಂದು ರೇಸ್ ನಿಷೇಧ.

ಇಷ್ಟರಲ್ಲಿ ಹೊಸಬರ ಪಾಡು ಬೇರೆಯೇ ಆಗಿತ್ತು. ಖರ್ಚು ತಗ್ಗಿಸಲು 2009ರಿಂದ ಸೀಸನ್ ನಡುವಿನ ಟೆಸ್ಟಿಂಗ್ ನಿಲ್ಲಿಸಿದರು. ಹ್ಯಾಮಿಲ್ಟನ್ ರೇಸಿಗೆ ಇಳಿಯುವ ಮೊದಲು ಸಾವಿರಾರು ಕಿಲೋಮೀಟರ್ ಓಡಿಸಿ ಪಳಗಿದ್ದರು. ಆಮೇಲೆ ಬಂದವರಿಗೆ ಆ ಭಾಗ್ಯ ಇಲ್ಲ. ಹಳೇ ಕಾರುಗಳಲ್ಲಿ ಒಂದಿಷ್ಟು ಅಭ್ಯಾಸ, ಸಿಮ್ಯುಲೇಟರ್, ಶುಕ್ರವಾರದ ಒಂದೆರಡು ಸೆಷನ್, ಅಷ್ಟೇ. ಕಲಿಯುವುದು ರೇಸ್ ವಾರಾಂತ್ಯದಲ್ಲೇ, ಎಲ್ಲರ ಕಣ್ಣೆದುರು. 2015ರಲ್ಲಿ ವರ್ಸ್ಟಾಪನ್ 17ನೇ ವಯಸ್ಸಿಗೇ ರೇಸಿಗಿಳಿದರು. ಇಷ್ಟು ಚಿಕ್ಕವರನ್ನು ಬಿಡಬಾರದು ಅಂತ ಮರುವರ್ಷದಿಂದ 18 ತುಂಬಿರಬೇಕು ಅನ್ನುವ ನಿಯಮ ಬಂತು. ಆ 2016ರಲ್ಲೇ ರೆಡ್ ಬುಲ್ ಟೀಮ್ ನಾಲ್ಕೇ ರೇಸ್ ನೋಡಿ ಡಾನಿಲ್ ಕ್ವ್ಯಾಟ್ ಅವರನ್ನು ಕೆಳಗಿಳಿಸಿ ವರ್ಸ್ಟಾಪನ್‌ಗೆ ಸೀಟು ಕೊಟ್ಟಿತು. ಆ ಟೀಮಿನಲ್ಲಿ ಅವರು ಮೊದಲ ರೇಸನ್ನೇ ಗೆದ್ದರು, 18ನೇ ವಯಸ್ಸಿಗೆ.

ಆ ಗೆಲುವು ಮುಂದೆ ಬಂದ ಎಷ್ಟೋ ಹುಡುಗರಿಗೆ ಮುಳುವಾಯಿತು ಅಂತ ನನಗೆ ಅನ್ನಿಸುತ್ತದೆ. ಮೊದಲ ದಿನವೇ ಗೆಲ್ಲಬಹುದು ಅನ್ನುವುದು ಟೀಮ್‌ಗಳ ತಲೆಯಲ್ಲಿ ಕೂತುಬಿಟ್ಟಿತು. ಪಿಯರ್ ಗ್ಯಾಸ್ಲಿ 2019ರಲ್ಲಿ 12 ರೇಸ್‌ಗೆ ರೆಡ್ ಬುಲ್ ಸೀಟು ಕಳೆದುಕೊಂಡರು. ಮರುವರ್ಷ ಅದೇ ಸಂಸ್ಥೆಯ ಸಣ್ಣ ಟೀಮಿನ ಕಾರಿನಲ್ಲಿ ಮೊಂಜಾ ರೇಸ್ ಗೆದ್ದರು. ನಿಕ್ ಡಿ ವ್ರೀಸ್ ಅವರನ್ನು 2023ರಲ್ಲಿ ಆ ಸಣ್ಣ ಟೀಮಿನಿಂದಲೇ 10 ರೇಸ್‌ಗೆ ಕಳಿಸಿದರು. 2025ರಲ್ಲಂತೂ ಲಿಯಾಮ್ ಲಾಸನ್‌ಗೆ ರೆಡ್ ಬುಲ್‌ನಲ್ಲಿ ಸಿಕ್ಕಿದ್ದು ಎರಡೇ ರೇಸ್. ಎರಡು ರೇಸ್‌ನಲ್ಲಿ ಒಬ್ಬ ಚಾಲಕನ ಬಗ್ಗೆ ಏನು ತಿಳಿಯುತ್ತದೆ? ಅದೇ ವರ್ಷ ಜಾಕ್ ಡೂಹನ್ ಆರು ರೇಸ್‌ಗೆ ಆಲ್ಪೀನ್ ಸೀಟು ಕಳೆದುಕೊಂಡರು. ಮೆಲ್ಬರ್ನ್‌ನಲ್ಲಿ ಐಸಾಕ್ ಹಜಾರ್ ತನ್ನ ಮೊಟ್ಟಮೊದಲ ರೇಸ್‌ನ ಫಾರ್ಮೇಷನ್ ಲ್ಯಾಪಿನಲ್ಲೇ, ಅಂದರೆ ರೇಸ್ ಶುರುವಾಗುವ ಮುಂಚೆಯೇ, ಒದ್ದೆ ಟ್ರ್ಯಾಕಿನಲ್ಲಿ ಜಾರಿ ಗೋಡೆಗೆ ಹೊಡೆದರು. ಹೆಲ್ಮೆಟ್ ತೆಗೆಯದೆ ಅಳುತ್ತಾ ನಡೆದು ಬಂದ ಹುಡುಗನನ್ನು ತಬ್ಬಿ ಸಮಾಧಾನ ಮಾಡಿದವರು ಹ್ಯಾಮಿಲ್ಟನ್ ತಂದೆ ಆಂಥನಿ. ಆಗಸ್ಟ್ ಕೊನೆಗೆ ನೆದರ್ಲೆಂಡ್ಸ್‌ನ ಜಾಂಡ್‌ವೊರ್ಟ್‌ನಲ್ಲಿ ಅದೇ ಹಜಾರ್ ಮೂರನೇ ಸ್ಥಾನ ಪಡೆದರು. ಎರಡೇ ರೇಸ್ ನೋಡಿ ಕಳಿಸಿದ್ದರೆ ಇದು ಆಗುತ್ತಿತ್ತಾ?

ನಿಯಮದ ಭಾರವೂ ಹೊಸಬರ ಮೇಲೆ ಜಾಸ್ತಿ. 2024ರಲ್ಲಿ ಕೆವಿನ್ ಮ್ಯಾಗ್ನಸನ್ 12 ಪೆನಾಲ್ಟಿ ಪಾಯಿಂಟ್ ತಲುಪಿ ಒಂದು ರೇಸ್ ನಿಷೇಧಕ್ಕೆ ಒಳಗಾದಾಗ, ಆ ಸೀಟಿನಲ್ಲಿ ಕೂತವರು 19 ವರ್ಷದ ಒಲಿವರ್ ಬೇರ್ಮನ್. ಮುಂದಿನ ವರ್ಷ ಪೂರ್ತಿ ಸೀಸನ್‌ಗೆ ಬಂದ ಬೇರ್ಮನ್ ತಾವೇ 10 ಪಾಯಿಂಟ್ ಮುಟ್ಟಿದರು. ಅದರಲ್ಲಿ ನಾಲ್ಕು ಬಂದದ್ದು ಸಿಲ್ವರ್‌ಸ್ಟೋನ್‌ನಲ್ಲಿ, ಓಟ ನಿಲ್ಲಿಸುವ ಕೆಂಪು ಬಾವುಟ ಇದ್ದಾಗ ಪಿಟ್ ದಾರಿಯಲ್ಲಿ ಕಾರು ಗುದ್ದಿಸಿಕೊಂಡಿದ್ದಕ್ಕೆ. ಇನ್ನೆರಡು ಪಾಯಿಂಟ್ ಬಿದ್ದರೆ ನಿಷೇಧ ಅನ್ನುವ ಭಯದಲ್ಲಿ ಓವರ್‌ಟೇಕ್ ಮಾಡುವುದು ಹೇಗೆ?

ಚಾಂಪಿಯನ್‌ಗಳ ಜಗಳದಲ್ಲಿ ನಿಯಮ ಯಾರಿಗೆ ತಿರುಗಿಬೀಳುತ್ತದೆ ಅಂತ ಹೇಳುವುದೂ ಕಷ್ಟ. 2016ರಲ್ಲಿ ವರ್ಸ್ಟಾಪನ್ ಬ್ರೇಕ್ ಹಾಕುವಾಗ ದಿಕ್ಕು ಬದಲಿಸುತ್ತಾರೆ ಅಂತ ದೂರು ಬಂದು, ಹಾಗೆ ಮಾಡಬಾರದು ಅಂತ ಸ್ಪಷ್ಟಪಡಿಸಿದರು. ಮುಂದಿನ ರೇಸ್ ಮೆಕ್ಸಿಕೊದಲ್ಲೇ ಅದರಡಿ ಶಿಕ್ಷೆ ಬಿತ್ತು, ವರ್ಸ್ಟಾಪನ್‌ಗಲ್ಲ, ಸೆಬಾಸ್ಟಿಯನ್ ವೆಟ್ಟೆಲ್‌ಗೆ. 2021ರಲ್ಲಿ ಬ್ರೆಜಿಲ್‌ನಲ್ಲಿ ವರ್ಸ್ಟಾಪನ್ ತಡವಾಗಿ ಬ್ರೇಕ್ ಹಾಕಿ ಹ್ಯಾಮಿಲ್ಟನ್ ಜೊತೆ ಟ್ರ್ಯಾಕಿನಿಂದ ಆಚೆ ಹೋದಾಗ ತನಿಖೆಯೇ ನಡೆಯಲಿಲ್ಲ. ಚಾಲಕರು ಅದನ್ನು ನೋಡಿದರು, ನೆನಪಿಟ್ಟುಕೊಂಡರು.

ಅದೇ ವರ್ಷದ ಕೊನೆಯ ರೇಸ್ ಅಬುಧಾಬಿ. ಇಬ್ಬರಿಗೂ 369.5 ಅಂಕ. ಹ್ಯಾಮಿಲ್ಟನ್ ಆರಾಮಾಗಿ ಮುಂದಿದ್ದರು. ಐದು ಲ್ಯಾಪ್ ಉಳಿದಿರುವಾಗ ನಿಕೋಲಸ್ ಲಟಿಫಿ ಕಾರು ಗೋಡೆಗೆ ಹೊಡೆದು, ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಸಾಲಾಗಿ ಓಡಿಸುವ ಸೇಫ್ಟಿ ಕಾರ್ ಬಂತು. ವರ್ಸ್ಟಾಪನ್ ಹೆಚ್ಚು ಹಿಡಿತದ ಹೊಸ ಸಾಫ್ಟ್ ಟೈರ್ ಹಾಕಿಸಿಕೊಂಡರು, ಹ್ಯಾಮಿಲ್ಟನ್ ಹಳೇ ಹಾರ್ಡ್ ಟೈರ್‌ನಲ್ಲೇ ಉಳಿದರು. ಇಬ್ಬರ ನಡುವೆ ಒಂದು ಸುತ್ತು ಹಿಂದಿದ್ದ ಐದು ಕಾರು. ಅವು ಮುಂದೆ ಹೋಗುವಂತಿಲ್ಲ ಅಂತ ಮೊದಲು ಸಂದೇಶ ಬಂತು. ಆಮೇಲೆ ರೇಸ್ ನಿರ್ದೇಶಕ ಮೈಕೆಲ್ ಮಾಸಿ ಆ ಐದನ್ನು ಮಾತ್ರ ಬಿಟ್ಟರು, ಉಳಿದವನ್ನು ಬಿಡಲಿಲ್ಲ. ನಿಯಮದ ಪ್ರಕಾರ ಇನ್ನೂ ಒಂದು ಲ್ಯಾಪ್ ಕಾಯಬೇಕಿದ್ದ ಸೇಫ್ಟಿ ಕಾರನ್ನು ಆಗಲೇ ಒಳಗೆ ಕರೆದರು. ಕೊನೆಯ ಲ್ಯಾಪಿನ ಐದನೇ ತಿರುವಿನಲ್ಲಿ ಪಟ್ಟ ಕೈ ಬದಲಾಯಿತು. ಮಾನವ ಸಹಜ ತಪ್ಪು, ದುರುದ್ದೇಶ ಇರಲಿಲ್ಲ ಅಂತ ಈ ಆಟದ ನಿಯಂತ್ರಣ ಸಂಸ್ಥೆ ಎಫ್‌ಐಎ ವರದಿ ಹೇಳಿತು. ಮಾಸಿ ಹುದ್ದೆ ಹೋಯಿತು. ಬಿಡುವುದಾದರೆ ಎಲ್ಲ ಕಾರನ್ನೂ ಬಿಡಬೇಕು ಅಂತ ನಿಯಮ ತಿದ್ದಿದರು. ಮತ್ತದೇ, ಕೆಟ್ಟ ಮೇಲೆ ಬುದ್ಧಿ.

ಏಪೆಕ್ಸ್ ಲೆಕ್ಕದ ಮಾರ್ಗಸೂಚಿ 2022ರಲ್ಲಿ ಬಂದದ್ದು ಈ ಜಗಳಗಳ ಬೆನ್ನಿಗೇ. ಆಸ್ಟಿನ್ ಗಲಾಟೆ ಆದಮೇಲೆ ಅದನ್ನೂ ತಿದ್ದಬೇಕಾಯಿತು. 2025ರ ಜೂನ್‌ನಲ್ಲಿ ಎಫ್‌ಐಎ ಅದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿತು. ಇದು ಒಳ್ಳೆಯ ಕೆಲಸ, ತುಂಬಾ ಮೊದಲೇ ಆಗಬೇಕಿತ್ತು. ಆದರೆ ಅದನ್ನು ಓದಿ ತೀರ್ಪು ಕೊಡುವ ಸ್ಟೀವರ್ಡ್‌ಗಳ ತಂಡ ಇಂದಿಗೂ ರೇಸ್‌ನಿಂದ ರೇಸ್‌ಗೆ ಬದಲಾಗುತ್ತದೆ. ಪ್ರಕಟಿಸಿದ ಎರಡು ತಿಂಗಳಿಗೆ ಜಾಂಡ್‌ವೊರ್ಟ್‌ನಲ್ಲಿ ಲಾಸನ್ ಜೊತೆ ತಾಗಿದ ಕಾರ್ಲೊಸ್ ಸೈಂಜ್‌ಗೆ 10 ಸೆಕೆಂಡ್ ಮತ್ತು ಎರಡು ಪಾಯಿಂಟ್ ಬಿತ್ತು. ವಿಲಿಯಮ್ಸ್ ಟೀಮ್ ಹೊಸ ಕ್ಯಾಮೆರಾ ದೃಶ್ಯ ಹಿಡಿದು ಅರ್ಜಿ ಹಾಕಿತು. ಇದು ರೇಸ್‌ನಲ್ಲಿ ಆಗುವ ಘಟನೆ, ಮುಖ್ಯ ತಪ್ಪು ಸೈಂಜ್ ಅವರದಲ್ಲ ಅಂತ ಒಪ್ಪಿ ಪಾಯಿಂಟ್ ರದ್ದು ಮಾಡಿದರು. ಟ್ರ್ಯಾಕಿನಲ್ಲಿ ಆಗಲೇ ಅನುಭವಿಸಿದ 10 ಸೆಕೆಂಡ್ ವಾಪಸ್ ಕೊಡಲು ಸ್ಟೀವರ್ಡ್‌ಗಳಿಗೆ ಅಧಿಕಾರ ಇರಲಿಲ್ಲ. ವರ್ಷವಿಡೀ ಒಂದೇ ತಂಡ, ಸಂಬಳ ಪಡೆದು, ಇದನ್ನೇ ವೃತ್ತಿ ಮಾಡಿಕೊಂಡು ಕೂತಿದ್ದರೆ ಆ ದೃಶ್ಯವನ್ನು ಮೊದಲೇ ತರಿಸಿ ನೋಡುತ್ತಿತ್ತು ಅಂತ ನಾನು ನಂಬುತ್ತೇನೆ. ಫಾರ್ಮುಲಾ 1ರಲ್ಲಿ ಓಡಾಡುವ ಹಣದಲ್ಲಿ ಅದಕ್ಕೆ ತಗಲುವ ಖರ್ಚು ಏನೇನೂ ಅಲ್ಲ.