ಪಕ್ಕದ ಹೊಲಿಗೆಗೆ ಕೈ ಹಾಕುವ ಮುನ್ನ

ಮನೆಯಲ್ಲೇ ಬಟ್ಟೆ ಸರಿಪಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಪಕ್ಕದ ಹೊಲಿಗೆಗೆ. ಕುರ್ತಿ ದೊಗಳೆಯಾದರೂ, ಬ್ಲೌಸ್ ಭುಜದಿಂದ ಜಾರಿದರೂ, ಶರ್ಟಿನ ಬೆನ್ನು ಉಬ್ಬಿ ನಿಂತರೂ ಔಷಧ ಒಂದೇ: ಬಟ್ಟೆಯನ್ನು ಉಲ್ಟಾ ಮಾಡಿ, ಎರಡೂ ಪಕ್ಕಗಳಲ್ಲಿ ಒಂದೊಂದು ಹೊಲಿಗೆಯನ್ನು ಇನ್ನಷ್ಟು ಒಳಗೆ ಹಾಕಿಬಿಡುವುದು. ಅದು ನೇರವಾದ, ಉದ್ದವಾದ, ಯಂತ್ರಕ್ಕೆ ಸುಲಭವಾಗಿ ಸಿಗುವ ಹೊಲಿಗೆ ಎಂಬುದನ್ನು ಬಿಟ್ಟರೆ ಅದನ್ನೇ ಆರಿಸಿಕೊಳ್ಳಲು ಬೇರೆ ಕಾರಣವಿರುವುದಿಲ್ಲ. ಹೊಲಿಗೆ ಅಂಗಡಿ ನಡೆಸುತ್ತ, ಜೊತೆಗೆ ಹೊಲಿಗೆ ಕಲಿಸುತ್ತ ಬಂದಿರುವ ನಾನು ಕಂಡಂತೆ, ಮನೆಯಲ್ಲಿ ಕೆಟ್ಟು ಅಂಗಡಿಗೆ ಬರುವ ಬಟ್ಟೆಗಳಲ್ಲಿ ಹೊಲಿಗೆ ಸೊಟ್ಟಗಾದವು ಕಡಿಮೆ. ಚೆನ್ನಾಗಿಯೇ ಹೊಲಿದ ಗೆರೆ ಸಲ್ಲದ ಜಾಗದಲ್ಲಿ ಬಿದ್ದವೇ ಹೆಚ್ಚು.

ಯಂತ್ರದ ಮುಂದೆ ಕೂರುವ ಮುನ್ನ ಬಟ್ಟೆಗೆ ಇಸ್ತ್ರಿ ಮಾಡಿ, ಅದರೊಂದಿಗೆ ಯಾವಾಗಲೂ ಧರಿಸುವ ಒಳಉಡುಪಿನ ಮೇಲೆಯೇ ತೊಟ್ಟು, ಕೈಗಳನ್ನು ಇಳಿಬಿಟ್ಟು ಕನ್ನಡಿಯ ಮುಂದೆ ನಿಲ್ಲಬೇಕು. ಅಡ್ಡಡ್ಡ ಎಳೆದುಕೊಂಡ ಸುಕ್ಕು ಕಂಡರೆ ಆ ಮಟ್ಟದಲ್ಲಿ ಸುತ್ತಳತೆ ಸಾಲದು ಎಂದರ್ಥ. ಉದ್ದುದ್ದ ಇಳಿಬಿದ್ದ ಮಡಿಕೆಗಳು ಕಂಡರೆ ಅಲ್ಲಿ ಅಗಲ ಹೆಚ್ಚಾಗಿದೆ ಎಂದರ್ಥ. ಓರೆಯಾಗಿ ಎಳೆದ ಸುಕ್ಕಿನ ಒಂದು ತುದಿ ಸಾಮಾನ್ಯವಾಗಿ ಬಟ್ಟೆ ಸಾಲದ ಜಾಗದಲ್ಲೇ ಇರುತ್ತದೆ. ಗೊಂದಲವಾಗುವುದು ಒಂದೇ ಕಡೆ: ಬೆನ್ನಿನ ಮೇಲ್ಭಾಗದಲ್ಲಿ, ಕತ್ತಿನ ಬುಡದಲ್ಲಿ ಅಡ್ಡಲಾಗಿ ಕೂರುವ ಮಡಿಕೆ ಬಿಗಿಯಿಂದ ಆದದ್ದಲ್ಲ, ಅಲ್ಲಿ ಉದ್ದ ಹೆಚ್ಚಾಗಿ ಬಟ್ಟೆ ಗುಪ್ಪೆಯಾಗಿರುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಬೆರಳೇ ಸಾಕು. ಸಡಿಲವಾದ ಮಡಿಕೆಯನ್ನು ಚಿವುಟಿ ಹಿಡಿಯಬಹುದು, ಎಳೆದುಕೊಂಡ ಸುಕ್ಕನ್ನು ಹಿಡಿಯಲಾಗುವುದಿಲ್ಲ.

ಸಿದ್ಧ ಉಡುಪಿನಲ್ಲಿ ಈ ಪರೀಕ್ಷೆ ಹೆಚ್ಚಾಗಿ ಭುಜದ ಕಡೆಗೇ ಬೆರಳು ತೋರಿಸುತ್ತದೆ. ಎದೆಗೆ ಸರಿಹೋಗುವ ಕುರ್ತಿಯ ಭುಜ ತೋಳಿನ ಮೇಲೆ ಇಳಿದಿರುತ್ತದೆ. ಭುಜಕ್ಕೆ ಸರಿಹೋಗುವುದು ಸೊಂಟದಲ್ಲಿ ಹಿಡಿಯುತ್ತದೆ. ನಮ್ಮಲ್ಲಿ ಮಾರಾಟವಾಗುವ ಉಡುಪಿನ ಅಳತೆಪಟ್ಟಿಗಳು ಬಹುಮಟ್ಟಿಗೆ ಅಮೆರಿಕ, ಬ್ರಿಟನ್‌ಗಳ ಪಟ್ಟಿಗಳನ್ನು ಅಷ್ಟಿಷ್ಟು ತಿದ್ದಿಕೊಂಡವು. ಈ ಕೊರತೆಯನ್ನು ನೀಗಿಸಲೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಾದ ನಿಫ್ಟ್, ಆರು ನಗರಗಳಲ್ಲಿ 25,000 ಜನರ ಮೈ ಅಳತೆಯನ್ನು ಸ್ಕ್ಯಾನರ್ ಮೂಲಕ ದಾಖಲಿಸುವ ‘ಇಂಡಿಯಾಸೈಜ್’ ಯೋಜನೆಯನ್ನು ಕೈಗೆತ್ತಿಕೊಂಡಿತು. ಅಂಗಡಿಯಲ್ಲಿ ತೂಗುಹಾಕಿದ ಎಲ್ ಮತ್ತು ಎಕ್ಸ್‌ಎಲ್‌ಗಳು ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ, ಬಟ್ಟೆ ಕೊಳ್ಳುವಾಗ ಭುಜಕ್ಕೆ ಸರಿಹೋಗುವುದನ್ನು ಆರಿಸಿ ಉಳಿದುದನ್ನು ಮನೆಯಲ್ಲಿ ಸರಿಮಾಡಿಕೊಳ್ಳುವುದು ಜಾಣತನ. ಎದೆ, ಸೊಂಟಗಳನ್ನು ಕಿರಿದು ಮಾಡುವುದು ಅರ್ಧ ಗಂಟೆಯ ಕೆಲಸ. ಭುಜವನ್ನು ತಿದ್ದುವುದು ತೋಳು ಬಿಚ್ಚುವ ಕೆಲಸ.

ಆದರೂ ಭುಜ ಅರ್ಧ ಇಂಚಿನಷ್ಟು ಮಾತ್ರ ಹೊರಗೆ ಚಾಚಿದ್ದರೆ ಇಡೀ ತೋಳನ್ನು ಬಿಚ್ಚಬೇಕಾಗಿಲ್ಲ. ತೋಳಿನ ಮೇಲರ್ಧವನ್ನು ಮಾತ್ರ ಬಿಚ್ಚಿ, ಭುಜದ ತುದಿಯಲ್ಲಿ ಅರ್ಧ ಇಂಚು ಒಳಕ್ಕೆ ಗುರುತು ಮಾಡಿ, ಆ ಗೆರೆ ಮುಂದೂ ಹಿಂದೂ ಕ್ರಮೇಣ ಹಳೆಯ ಹೊಲಿಗೆಗೆ ಹೋಗಿ ಸೇರುವಂತೆ ಬಾಗಿಸಿ, ತೋಳನ್ನು ಅಲ್ಲಿಗೆ ಕಚ್ಚಾ ಹೊಲಿಗೆಯಿಂದ ಕೂರಿಸಿ ನೋಡಿದ ಮೇಲೆ ಯಂತ್ರಕ್ಕೆ ಕೊಡಬೇಕು. ಬಗ್ಗಿದಾಗ ಕೊರಳು ಬಾಯ್ಬಿಡುವ ಬಟ್ಟೆಗೆ ಇನ್ನೂ ಸುಲಭದ ಉಪಾಯವಿದೆ. ಭುಜದ ಹೊಲಿಗೆಯನ್ನು ಕೊರಳಿನ ಕಡೆಯ ತುದಿಯಲ್ಲಿ ಕಾಲಿಂಚು ಒಳಗೆ ತೆಗೆದುಕೊಂಡು, ತೋಳಿನ ಕಡೆಗೆ ಹೋಗುತ್ತ ಸೊನ್ನೆಗೆ ತಂದರೆ ಕೊರಳಿನ ಸುತ್ತಳತೆ ಕಡಿಮೆಯಾಗಿ ಮುಂಭಾಗ ಮೇಲೆದ್ದು ಕೂರುತ್ತದೆ. ಕೊರಳಪಟ್ಟಿಯನ್ನು ಆ ಜಾಗದಲ್ಲಿ ಎರಡು ಇಂಚಿನಷ್ಟು ಬಿಚ್ಚಿ ಮತ್ತೆ ಮುಚ್ಚುವ ತಾಳ್ಮೆ ಬೇಕು, ಅಷ್ಟೆ. ಬೆನ್ನಿಗೊಂದು ದಾರ ಕಟ್ಟಿ ಗೊಂಡೆ ಇಳಿಬಿಡುವುದನ್ನು ಅನೇಕರು ಇದಕ್ಕೆ ಪರಿಹಾರವೆಂದು ತಿಳಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಅಲಂಕಾರ, ದುರಸ್ತಿಯಲ್ಲ.

ಪಕ್ಕದ ಹೊಲಿಗೆಯನ್ನೇ ತಿದ್ದಬೇಕೆಂದು ಖಚಿತವಾದಾಗಲೂ ಲೆಕ್ಕ ತಪ್ಪುವುದುಂಟು. ಕುರ್ತಿಯ ಎದೆ 40 ಇಂಚು ಇದೆ, ಅದು 38 ಆಗಬೇಕು ಎಂದುಕೊಳ್ಳಿ. ಕಳೆಯಬೇಕಾದದ್ದು 2 ಇಂಚು, ಪಕ್ಕಗಳು ಎರಡು, ಆದ್ದರಿಂದ ಪ್ರತಿ ಪಕ್ಕದಲ್ಲೂ 1 ಇಂಚು ಎಂದು ಹಳೆಯ ಗೆರೆಯಿಂದ 1 ಇಂಚು ಒಳಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಆದರೆ ಆ ಗೆರೆಯ ಕೆಳಗೆ ಮುಂಭಾಗದ ಒಂದು ಪದರ, ಹಿಂಭಾಗದ ಒಂದು ಪದರ, ಹೀಗೆ ಎರಡು ಪದರಗಳಿವೆ. ಎರಡೂ ಪಕ್ಕ ಸೇರಿ ನಾಲ್ಕು. ಕಳೆದುಹೋಗುವುದು 4 ಇಂಚು, ಉಳಿಯುವುದು 36. ನಿಮ್ಮ ಎದೆಯ ಅಳತೆಯೇ 36 ಆಗಿದ್ದರೆ, ಎಳೆದರೆ ಬಾರದ ಕಾಟನ್ ಬಟ್ಟೆಯಲ್ಲಿ ಅದನ್ನು ತೊಟ್ಟು ಉಸಿರೆಳೆಯುವುದೂ ಕಷ್ಟ. ಅಂಥ ಕುರ್ತಿಗೆ ಮೈ ಅಳತೆಗಿಂತ ಕನಿಷ್ಠ 2 ಇಂಚು ಹೆಚ್ಚು ಇರಲೇಬೇಕು. ಕಳೆಯಬೇಕಾದುದನ್ನು ನಾಲ್ಕರಿಂದ ಭಾಗಿಸಿ, ಬಂದ ಅರ್ಧ ಇಂಚಿನಲ್ಲಿ ಗೆರೆ ಎಳೆಯುವುದೇ ಸರಿಯಾದ ಲೆಕ್ಕ. ತೋಳಿಗೆ ಹೊಲಿಗೆ ಒಂದೇ ಇರುವುದರಿಂದ ಅಲ್ಲಿ ಎರಡರಿಂದ ಭಾಗಿಸಬೇಕು.

ಇದೇ ಲೆಕ್ಕ ಬಟ್ಟೆಯನ್ನು ಸಡಿಲ ಮಾಡುವಾಗ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ನಮ್ಮ ಊರುಗಳ ದರ್ಜಿಗಳು ಬ್ಲೌಸಿನ ಪಕ್ಕಗಳಲ್ಲಿ ಒಂದರಿಂದ ಒಂದೂವರೆ ಇಂಚು ಮಾರ್ಜಿನ್, ಅಂದರೆ ಹೊಲಿಗೆಯಾಚೆಗೆ ಹೆಚ್ಚಿನ ಬಟ್ಟೆ ಬಿಟ್ಟು, ಕಾಲಿಂಚಿಗೊಂದರಂತೆ ಎರಡು ಮೂರು ಸಾಲು ಹೊಲಿಗೆ ಹಾಕಿ ಕೊಡುತ್ತಾರೆ. ಎಲ್ಲಕ್ಕಿಂತ ಒಳಗಿನ ಒಂದು ಸಾಲನ್ನು ಎರಡೂ ಪಕ್ಕಗಳಲ್ಲಿ ಬಿಚ್ಚಿದರೆ ಎದೆಗೆ 1 ಇಂಚು, ಒಂದೊಂದು ತೋಳಿಗೆ ಅರ್ಧ ಇಂಚು ಸಿಗುತ್ತದೆ. ತೋಳಿನ ಅಂಚನ್ನೂ ಸೊಂಟದ ಪಟ್ಟಿಯನ್ನೂ ಮೊದಲೇ ಮಡಚಿ ಹೊಲಿದು, ಪಕ್ಕವನ್ನು ಕೊನೆಯಲ್ಲಿ ತೋಳಿನ ತುದಿಯಿಂದ ಸೊಂಟದವರೆಗೆ ಒಂದೇ ಓಟದಲ್ಲಿ ಮುಚ್ಚುವ ಈ ಪದ್ಧತಿ, ಮುಂದೆ ಮೈ ಬದಲಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ರೂಪಿಸಿದ್ದು. ಬೆಲೆಬಾಳುವ ಸಿದ್ಧ ಬ್ಲೌಸ್‌ಗಳಲ್ಲೂ ಇಷ್ಟು ಮುಂದಾಲೋಚನೆ ಕಾಣುವುದು ಅಪರೂಪ.

ಬಿಚ್ಚುವಾಗ ನೋಡಬೇಕಾದ ಜಾಗ ಕಂಕುಳು. ಪಕ್ಕವನ್ನು ಕಂಕುಳಿನವರೆಗೆ ಮಾತ್ರ ಬಿಚ್ಚಿ ತೋಳನ್ನು ಹಾಗೆಯೇ ಬಿಟ್ಟರೆ ಹೊಸ ಗೆರೆಗೂ ಹಳೆಯ ಗೆರೆಗೂ ನಡುವೆ ಅಲ್ಲೊಂದು ಮೂತಿ ಉಳಿದು ಚರ್ಮಕ್ಕೆ ತಾಗುತ್ತದೆ. ಎದೆಗೆ ಮಾತ್ರ ಸಡಿಲ ಬೇಕು, ತೋಳು ಹಾಗೆಯೇ ಇರಲಿ ಎನ್ನುವವರು ಕೂಡ ಗೆರೆಯನ್ನು ಕಂಕುಳಿನಿಂದ ಆಚೆಗೆ ಎರಡು ಮೂರು ಇಂಚು ತೋಳಿನೊಳಕ್ಕೆ ಒಯ್ದು ನಿಧಾನವಾಗಿ ಹಳೆಯ ಹೊಲಿಗೆಗೆ ಸೇರಿಸಬೇಕು. ಇನ್ನೊಂದು ವಿಷಯ, ಕೆಲವು ದರ್ಜಿಗಳು ಕಂಕುಳಿನ ತಿರುವಿನಲ್ಲಿ ಬಟ್ಟೆ ಎಳೆಯದಿರಲೆಂದು ಮಾರ್ಜಿನ್ನಿಗೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿರುತ್ತಾರೆ. ಹೊಸ ಗೆರೆ ಆ ಕಚ್ಚುಗಳ ಮೇಲೆ ಹಾದುಹೋದರೆ ಕೈ ಎತ್ತಿದಾಗ ಅಲ್ಲಿ ತೂತು ಬೀಳುತ್ತದೆ. ಬಿಚ್ಚುವ ಮುನ್ನವೇ ಬ್ಲೌಸನ್ನು ಉಲ್ಟಾ ಮಾಡಿ, ಬೆಳಕಿಗೆ ಹಿಡಿದು ಅವುಗಳ ಆಳವನ್ನು ನೋಡಿಕೊಳ್ಳಬೇಕು.

ಕಂಕುಳಲ್ಲಿ ಬಿಗಿಯೆನಿಸಿದರೆ ಅಲ್ಲಿಯೇ ಕತ್ತರಿ ಆಡಿಸಿ ಕೆಳಕ್ಕೆ ಆಳ ಮಾಡುವ ಅಭ್ಯಾಸ ಮಾತ್ರ ಬೇಡವೇ ಬೇಡ. ಆಳ ಮಾಡಿದ ಕಂಕುಳು ಕೈ ಇಳಿಬಿಟ್ಟಾಗ ಹಿತವೆನಿಸುತ್ತದೆ. ಕೈ ಎತ್ತಿದೊಡನೆ ತೋಳು ಇಡೀ ಬ್ಲೌಸನ್ನು ತನ್ನೊಂದಿಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೈ ಸರಾಗವಾಗಿ ಆಡಬೇಕಾದರೆ ಕಂಕುಳಿನ ಮಟ್ಟ ಮೇಲಿದ್ದು ತೋಳಿನ ಅಗಲ ಸಾಕಷ್ಟಿರಬೇಕು. ಬಸ್ಸಿನ ಕಂಬಿ ಹಿಡಿದು ನಿಂತು ಪ್ರಯಾಣಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಳಿನ ಸುತ್ತ ಅಡ್ಡಸುಕ್ಕು ಇದೆಯೇ ಎಂದು ಮೊದಲು ನೋಡಿ; ಇದ್ದರೆ ಬಿಗಿ ಇರುವುದು ತೋಳಿನಲ್ಲಿ, ಕಂಕುಳಲ್ಲಿ ಅಲ್ಲ.

ಒಗೆದ ಮೇಲೆ ಬ್ಲೌಸ್ ಬಿಗಿಯಾಯಿತು ಎಂಬ ದೂರಿನಲ್ಲಿ ಒಂದು ಬಗೆ ಬೇರೆಯದೇ. ಮೇಲಿನ ಬಟ್ಟೆಯ ತುಂಬ ಸಣ್ಣ ಸಣ್ಣ ಸುಕ್ಕುಗಳು ಎದ್ದಿದ್ದರೆ ಕುಗ್ಗಿರುವುದು ಒಳಗಿನ ಲೈನಿಂಗ್. ಕಾಟನ್ ಲೈನಿಂಗನ್ನು ಹೊಲಿಯುವ ಮುನ್ನ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿರಬೇಕಿತ್ತು. ಆಗ ಪಕ್ಕವನ್ನು ಎಷ್ಟು ಬಿಚ್ಚಿದರೂ ಸುಕ್ಕು ಹೋಗುವುದಿಲ್ಲ. ಸೊಂಟದ ಮಡಿಕೆಯಲ್ಲಿ ಲೈನಿಂಗನ್ನು ಬಿಡಿಸಿ ಅದನ್ನು ಸ್ವತಂತ್ರವಾಗಿ ಇಳಿಬಿಟ್ಟರೆ ಒಂದಿಷ್ಟು ಸುಧಾರಿಸುತ್ತದೆ. ಸೀರೆಯ ಫಾಲಿಗೂ ಇದೇ ನಿಯಮ. ನೆನೆಸದ ಫಾಲ್ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚನ್ನು ಎಳೆದು ನೆರಿಗೆಗಟ್ಟಿಸುತ್ತದೆ.

ಸಿದ್ಧ ಉಡುಪನ್ನು ಸಡಿಲ ಮಾಡುವ ಆಸೆಯನ್ನು ಬಹುಮಟ್ಟಿಗೆ ಬಿಟ್ಟುಬಿಡಬೇಕು. ಬೆಂಗಳೂರಿನ ಬೀದಿಬದಿಯಲ್ಲಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಹೆಸರಿನಲ್ಲಿ ಸಿಗುವ ಬಟ್ಟೆಯ ಒಳಭಾಗವನ್ನು ನೋಡಿದರೆ ಕಾರಣ ತಿಳಿಯುತ್ತದೆ: ಪಕ್ಕದಲ್ಲಿ ಉಳಿದಿರುವುದು ಸುಮಾರು 1 ಸೆಂಟಿಮೀಟರ್ ಮಾತ್ರ, ಅದನ್ನೂ ಓವರ್‌ಲಾಕ್ ಹೊಲಿಗೆ ಕಟ್ಟಿಹಾಕಿರುತ್ತದೆ. ಕಾರ್ಖಾನೆಗೆ ಬಟ್ಟೆಯ ಪ್ರತಿ ಅಂಗುಲವೂ ಖರ್ಚಿನ ಬಾಬತ್ತು. ವಿದೇಶದ ಮೈಕಟ್ಟಿಗೆಂದು ಕತ್ತರಿಸಿದ ಇಂಥ ಬಟ್ಟೆಗಳ ತೋಳೂ ಕಾಲೂ ನಮಗೆ ಉದ್ದವಾಗುವುದೇ ಹೆಚ್ಚು, ಉದ್ದವನ್ನು ಕಡಿಮೆ ಮಾಡುವುದು ಮನೆಯಲ್ಲಿ ಆಗುವ ಕೆಲಸವೇ. ಒಳಬದಿಯಲ್ಲಿ ಸರಪಳಿಯಂತೆ ಕಾಣುವ ಚೈನ್ ಹೊಲಿಗೆ ಇರುವಲ್ಲಿ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕೀಳುತ್ತ ಕೂರಬೇಕಾಗಿಲ್ಲ. ಹೊಲಿಗೆ ಮುಗಿದ ತುದಿಯನ್ನು ಹುಡುಕಿ ಸರಿಯಾದ ಎಳೆಯನ್ನು ಎಳೆದರೆ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ ಇನ್ನೊಂದು ತುದಿಯಿಂದ ನೋಡಿ.

ಜೀನ್ಸ್ ಪ್ಯಾಂಟಿನ ಕಾಲನ್ನು ಗಿಡ್ಡ ಮಾಡುವವರು ಹಳೆಯ ಅಂಚನ್ನು ಕತ್ತರಿಸಿ ಎಸೆದರೆ, ಬಣ್ಣ ಮಾಸಿ ಉಬ್ಬುತಗ್ಗಾದ ಆ ಅಂಚಿನ ಸೊಗಸೂ ಅದರೊಡನೆ ಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಕ್ರಮ ಹೀಗಿದೆ. ಕಾಲು 2 ಇಂಚು ಗಿಡ್ಡವಾಗಬೇಕಾದರೆ ಅಂಚನ್ನು ಹೊರಮಗ್ಗುಲಿಗೆ ಮೇಲಕ್ಕೆ ಮಡಚಿ, ಹೊಸ ಮಡಿಕೆಯಿಂದ ಅಂಚಿನ ಹಳೆಯ ಹೊಲಿಗೆಯವರೆಗೆ 1 ಇಂಚು ಇರುವಂತೆ ಸುತ್ತಲೂ ಗುಂಡುಪಿನ್ನು ಹಾಕಿ, ಆ ಹಳೆಯ ಹೊಲಿಗೆಗೆ ತಾಗಿದಂತೆ, ಮಡಿಕೆಯ ಕಡೆಯಿಂದ ಹೊಸ ಹೊಲಿಗೆ ಹಾಕಬೇಕು. ಮಡಿಕೆ ಎರಡು ಪದರವಾದ್ದರಿಂದ 1 ಇಂಚು 2 ಇಂಚನ್ನು ನುಂಗುತ್ತದೆ. ಅಂಚಿನ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ. ಬಳಿಕ ಪಟ್ಟಿಯನ್ನು ಕೆಳಕ್ಕೆ ತಿರುಗಿಸಿ ಇಸ್ತ್ರಿ ಮಾಡಿದರೆ ಹೆಚ್ಚುವರಿ ಬಟ್ಟೆ ಒಳಗೆ ಸೇರುತ್ತದೆ. ಪಕ್ಕದ ದಪ್ಪ ಜೋಡಣೆಯನ್ನು ಹತ್ತುವಾಗ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫುಟ್ ಹಿಂದಕ್ಕೆ ವಾಲಿ ಹೊಲಿಗೆ ನಿಂತುಬಿಡುತ್ತದೆ. ಆಗ ಅದರ ಹಿಂದುಗಡೆಗೆ ರಟ್ಟಿನ ತುಂಡೊಂದನ್ನು ಮಡಚಿ ಇಟ್ಟು ಮಟ್ಟ ಮಾಡಿ, ಕಾಲು ತುಳಿಯುವುದನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಬೇಕು.

ಸೂಜಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ವಿಪರೀತ ಜಿಪುಣತನವಿದೆ. ಯಂತ್ರದ ಜೊತೆ ಬಂದ ಸೂಜಿ ಮುರಿಯುವವರೆಗೂ ಅದೇ. ತೆಳು ರೇಷ್ಮೆ, ಜಾರ್ಜೆಟ್‌ಗಳಿಗೆ 11, ಸಾಮಾನ್ಯ ಕಾಟನ್ನಿಗೆ 14, ಜೀನ್ಸಿಗೆ 16ನೇ ನಂಬರ್ ಬೇಕು. ಪ್ಯಾಕೆಟ್ಟಿನ ಮೇಲೆ 14ರ ಜೊತೆಗೆ ಕಾಣುವ 90 ಎಂಬುದು ಸೂಜಿಯ ದಪ್ಪ 0.9 ಮಿಲಿಮೀಟರ್ ಎಂಬುದನ್ನು ಹೇಳುತ್ತದೆ. ಮೊಂಡಾದ ಸೂಜಿ ರೇಷ್ಮೆಯಲ್ಲಿ ಎಳೆ ಎಳೆಯುತ್ತದೆ. ಟೀ ಶರ್ಟಿನಂಥ ಹೆಣಿಗೆ ಬಟ್ಟೆಗೆ ತುದಿ ಉರುಟಾಗಿರುವ ಬಾಲ್ ಪಾಯಿಂಟ್ ಸೂಜಿ ಹಾಕದಿದ್ದರೆ ಹೊಲಿಗೆ ನಡುನಡುವೆ ತಪ್ಪುತ್ತದೆ. ಅನೇಕರು ಇದನ್ನು ಯಂತ್ರದ ದೋಷವೆಂದು ತಿಳಿದು ಮೆಕ್ಯಾನಿಕ್ಕನ್ನು ಕರೆಸುತ್ತಾರೆ.

ರೇಷ್ಮೆಯನ್ನು ಬಿಚ್ಚುವ ಮುನ್ನ ಎರಡು ಬಾರಿ ಯೋಚಿಸಬೇಕು. ಹಳೆಯ ಸೂಜಿಯ ತೂತುಗಳು ಅದರಲ್ಲಿ ಉಳಿದುಬಿಡುತ್ತವೆ, ಒಳಗೆ ಅಡಗಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಗಾಢವಾಗಿರುತ್ತದೆ, ಬೆವರು ತಾಗಿದ ಕಂಕುಳಿನ ಭಾಗದಲ್ಲಿ ನೂಲೇ ಬಲಗುಂದಿರುತ್ತದೆ. ಸೊಂಟದ ಬಳಿ, ಸೆರಗು ಮುಚ್ಚುವ ಜಾಗದಲ್ಲಿ ಎರಡು ಇಂಚು ಬಿಚ್ಚಿ ನೋಡಿ, ಗುರುತು ಎದ್ದು ಕಂಡರೆ ಮುಂದುವರಿಯದಿರುವುದು ಒಳ್ಳೆಯದು. ಮೈಸೂರು ರೇಷ್ಮೆಯ ಕ್ರೇಪ್ ಬಟ್ಟೆಯ ನೂಲು ಬಲವಾಗಿ ಹುರಿಗೊಂಡಿರುವುದರಿಂದ ಒದ್ದೆಯಾದಾಗ ಸೆಳೆದುಕೊಳ್ಳುತ್ತದೆ. ಹೊಲಿಗೆಯ ಗುರುತು ಹೋಗಲೆಂದು ಅದಕ್ಕೆ ನೀರು ಚಿಮುಕಿಸಿ ಇಸ್ತ್ರಿ ಮಾಡಬಾರದು. ಹಿಂಬದಿಯಿಂದ, ಮೇಲೊಂದು ಒಣಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಒತ್ತಬೇಕು.

ಮಗ್ಗದ ಕಸೂತಿ ತುಂಬಿದ ಬ್ಲೌಸ್, ಒಳಗೆ ಕ್ಯಾನ್ವಾಸ್ ಇರುವ ಕೋಟು, ಪೂರ್ತಿ ಲೈನಿಂಗ್ ಇರುವ ಲೆಹಂಗಾ, ಇವನ್ನು ದರ್ಜಿಗೇ ಒಪ್ಪಿಸುವುದು ಲೇಸು. ಒಪ್ಪಿಸುವಾಗ ‘ಸ್ವಲ್ಪ ಬಿಗಿ ಮಾಡಿ’ ಎಂದಷ್ಟೇ ಹೇಳಿ ಬರಬೇಡಿ, ಆ ‘ಸ್ವಲ್ಪ’ ನಿಮಗೊಂದು, ದರ್ಜಿಗೊಂದು. ಮನೆಯಲ್ಲೇ ತೊಟ್ಟು, ಹೆಚ್ಚಾದ ಬಟ್ಟೆಯನ್ನು ಎರಡೂ ಕಡೆ ಸಮನಾಗಿ ಚಿವುಟಿ, ಇನ್ನೊಬ್ಬರಿಂದ ಗುಂಡುಪಿನ್ನು ಹಾಕಿಸಿಕೊಂಡು ಹಾಗೆಯೇ ಕೊಡಿ. ಅಳತೆ ಬ್ಲೌಸ್ ಎಂದು ಕೊಡುವುದು ಮದುವೆಯ ಕಾಲದ್ದಾಗಿರದೆ ಈಗ ಸರಿಯಾಗಿ ಕೂರುವಂಥದ್ದಾಗಿರಲಿ. ಅದರಲ್ಲೂ ತೋಳು ಮಾತ್ರ ಬಿಗಿ, ಬೆನ್ನು ಮಾತ್ರ ಆಳ ಎಂಬಂಥ ಕೊರತೆಯಿದ್ದರೆ ಎಷ್ಟು ಇಂಚು ಹೆಚ್ಚು ಕಡಿಮೆ ಎಂಬುದನ್ನು ಚೀಟಿಯಲ್ಲಿ ಬರೆದು ಅದೇ ಜಾಗಕ್ಕೆ ಪಿನ್ನು ಹಾಕಿಡಿ. ಗೌರಿ ಗಣೇಶ ಹಬ್ಬದ ದಟ್ಟಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಕತ್ತರಿ ಹಿಡಿದವರ ಕಿವಿಗೆ ತಲುಪಿಯೇ ಇರುವುದಿಲ್ಲ.